ವಿಚಾರಿಸಲು ಬಂದವರು

“ನಿಂಗೆ ಎಣ್ಣು ಕೊಡೋನು ಇನ್ನೂ ಅಂಬೆಗಾಲಿಕ್ತಾವ್ನೆ ಕಣ್ಲಾ! ಅವ್ನು ದೊಡ್ಡೋನಾಗಿ, ಮದ್ವೆಯಾಗಿ, ಅವ್ನಿಗೊಂದು ಎಣ್ಣುಮಗು ಉಟ್ಟೋಗಂಟ ಕಾಯಿ!”

ಅರಕಲಗೂಡಿನ ಬಸ್ ನಿಲ್ದಾಣದ ಎದುರು, ತನ್ನ ಹೋಟೆಲಿನ ಗಲ್ಲಾದ ಮೇಲೆ ಕೂತು ಚಿಕ್ಕಯ್ಯ ಹೀಗೆಂದಾಗ ಒಳಗಿದ್ದವರೆಲ್ಲ ಬಾಯಲ್ಲಿದ್ದ ಇಡ್ಲಿ ನುಂಗುವುದನ್ನೂ ಬಿಟ್ಟು ನಕ್ಕರು. ಒಬ್ಬನಿಗೆ ನೆತ್ತಿಗೇರಿತು. ಅವನ ಬೆನ್ನಿಗೆ ಗುದ್ದುತ್ತಾ ಇನ್ನೊಬ್ಬ ನಕ್ಕ.

ಮೋಟಾರ್ ರಿಪೇರಿ ಶಶಿಕಿರಣ್ ಮಾಡಿದ್ದ ತಪ್ಪೆಂದರೆ, ಚಟ್ನಿ ನೀರಾಗಿದೆ ಎಂದದ್ದು.

ಅವನಿಗೆ ಮೂವತ್ತು ದಾಟಿತ್ತು. ಹೋಟೆಲಿನ ಎದುರು ಸಾಲಿನಲ್ಲೇ ಅವನ ಅಂಗಡಿ. ಮಲ್ಲಿಪಟ್ಟಣದಿಂದ ರುದ್ರಪಟ್ಟಣದವರೆಗೆ ಯಾರ ಪಂಪ್‌ಸೆಟ್ಟಿನ ಮೋಟಾರ್ ಸುಟ್ಟರೂ ಅದು ಅವನ ಮುಂದೆಯೇ ಬಂದು ಬೀಳಬೇಕು. ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೊಟ್ಟರೆ ರೈತರು ಕೈಮುಗಿಯುತ್ತಿದ್ದರು, ನೀರು ಬಂದಾಗ ಫೋನು ಮಾಡಿ ಹರಸುತ್ತಿದ್ದರು. ಮಗಳನ್ನು ಕೊಡಿ ಎಂದರೆ ಮಾತ್ರ ಅದೇ ರೈತರು, “ನಮ್ ಮಗು ಬೆಂಗ್ಳೂರ್ ಕಡೆ ಗಂಡೇ ಬೇಕು ಅಂತದೆ ಕಣಪ್ಪ” ಎಂದು ಮೋಟಾರ್ ಹೊತ್ತುಕೊಂಡು ಹೋಗುತ್ತಿದ್ದರು.

ಆ ಹೊತ್ತು ಅವನು ಸುಮ್ಮನೆ ಕೈತೊಳೆದು ಎದ್ದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಸಿಟ್ಟು ನೆತ್ತಿಗೇರಿದವನಿಗೆ ಬಾಯಿಗೆ ಬೀಗ ಎಲ್ಲಿಯದು?

“ಯಾರ್ ಕೊಡ್ತಾರೆ ಅಂತೀಯಾ? ಇವತ್ತೇ ಬತ್ತಾವ್ರೆ ಚನ್ನರಾಯಪಟ್ಟಣದಿಂದ, ನನ್ನ ಬಗ್ಗೆ ವಿಚಾರ್‌ಸಕ್ಕೆ! ಇಲ್ಲೇ ಕುಂತಿದ್ದು ನೋಡು!”

ಒಳಗಿದ್ದವರೆಲ್ಲ ತಟ್ಟೆ ಬಿಟ್ಟು ಅವನತ್ತ ತಿರುಗಿದರು.

ನಮ್ಮ ಕಡೆ ಹೆಣ್ಣು ಕೊಡುವ ಮೊದಲು, ಹೆಣ್ಣಿನವರು ಗಂಡಿನ ಊರಿಗೆ ಗುಟ್ಟಾಗಿ ಬಂದು ವಿಚಾರಿಸಿಕೊಂಡು ಹೋಗುತ್ತಾರೆ. ಬಸ್ ಇಳಿದು ಕಾಫಿ ಕುಡಿಯುತ್ತಾರೆ, ಅಂಗಡಿಯಲ್ಲಿ ಬೇಡದ್ದಕ್ಕೆಲ್ಲ ರೇಟು ಕೇಳುತ್ತಾರೆ, ನಡುವೆ ಎಲ್ಲೋ “ಇಲ್ಲಿ ಇಂಥೋರ ಮಗ ಒಬ್ಬ ಅವ್ನಂತಲ್ಲಾ, ಎಂಗೆ?” ಎನ್ನುತ್ತಾರೆ. ಗಂಡಿಗೆ ಇದು ಗೊತ್ತಾಗಬಾರದು. ಗೊತ್ತಾದರೂ ಗೊತ್ತಿಲ್ಲದವನ ಹಾಗೆ ಇರಬೇಕು. ಹೊಳೆನರಸೀಪುರದ ಬ್ರೋಕರು ಉಪಕಾರವೆಂದು ಫೋನಿನಲ್ಲಿ ಪಿಸುಗುಟ್ಟಿದ್ದ ಗುಟ್ಟನ್ನು ಶಶಿ ಚಟ್ನಿಯ ಸಿಟ್ಟಿಗೆ ಊರಿಗೆಲ್ಲ ಹಂಚಿಬಿಟ್ಟಿದ್ದ. ಅವನು ಕೈತೊಳೆದು ರಸ್ತೆಗಿಳಿಯುವಷ್ಟರಲ್ಲಿ ಎದುರು ಮೂಲೆಯ ಹೂವಿನ ಗಂಗಾಂಬಿಕೆ, “ಒಳ್ಳೇದಾಗ್ಲಿ ಕಣಪ್ಪ, ದಂಡೆ ನಾನೇ ಕಟ್ಟೀನಿ” ಎಂದಳು.

ಚಿಕ್ಕಯ್ಯ ಗಲ್ಲಾದಿಂದ ಇಳಿದು ಓಡಿಬಂದು ಅವನ ರಟ್ಟೆ ಹಿಡಿದ. ಮುಖವೇ ಬದಲಾಗಿತ್ತು.

“ಮೊದ್ಲೇ ಯೋಳ್ಬಾರ್ದಾ ಬಡ್ಡೀಮಗ್ನೆ? ನಾವು ನಾವು ಬೈಕಂಡಿದ್ದು ಬ್ಯಾರೆ. ಒರಗ್ಲೋರ ಮುಂದೆ ನೀನು ನಮ್ಮೂರ ಗಂಡು ಕಣ್ಲಾ! ಈ ಸಂಬಂಧ ನಾನು ಮಾಡುಸ್ತೀನಿ.”

ಮೆಡಿಕಲ್ ಸ್ಟೋರಿನ ಗುಂಡಯ್ಯನೂ ಬಂದ. ಚಿಕ್ಕಯ್ಯನ ಮಗ, ಶಶಿಯ ಜೊತೆಗಾರ ನಟರಾಜನೂ ದೋಸೆ ಮಗುಚುವ ಸಟ್ಟುಗ ಹಿಡಿದೇ ಬಂದ. ರಸ್ತೆಯ ಪಕ್ಕದಲ್ಲೇ ಸಭೆ ಸೇರಿತು.

“ಉಡುಗ್ನಲ್ಲಿ ದೋಸ ಇಲ್ಲ. ಕುಡಿಯಲ್ಲ, ಇಸ್ಪೀಟ್ ಇಲ್ಲ” ಎಂದ ಗುಂಡಯ್ಯ. “ದೋಸ ಇರೋದು ಊರಲ್ಲಿ. ಇವ್ನು ಇಲ್ಲೇ ಇರ್ತಾನೆ ಅಂತ ಒಬ್ಬ ಬಾಯಿ ಬುಟ್ರೂ ಮುಗೀತು. ಇಳಿದ ಬಸ್ಸನ್ನೇ ಅತ್ಕಂಡ್ ಓಯ್ತಾರೆ.”

“ಅದಕ್ಕೆ ಎಲ್ಲಾರೂ ಒಂದೇ ಮಾತು ಯೋಳ್ಬೇಕು” ಎಂದ ಚಿಕ್ಕಯ್ಯ. “ಶಶಿ ಬರೋ ತಿಂಗ್ಳು ಬೆಂಗ್ಳೂರಿಗೆ ಓಯ್ತಾವ್ನೆ. ಅಲ್ಲೇ ಅಂಗಡಿ, ಅಲ್ಲೇ ಮನೆ. ಗೊತ್ತಾಯ್ತೇನ್ರಲಾ?”

“ನಾನ್ ಎಲ್ಲಿಗೂ ಓಗಲ್ಲ ಚಿಕ್ಕಯ್ಯಣ್ಣ” ಎಂದ ಶಶಿ. “ನಂಗೆ ಈ ಊರೇ ಸಾಕು. ಸುಳ್ಳು ಬ್ಯಾಡ.”

“ಅದ ಮದ್ವೆ ಆದ್ಮೇಲೆ ಯೋಳು. ಮೊದ್ಲು ತಾಳಿ, ಆಮೇಲೆ ಸತ್ಯ. ನಾವೆಲ್ಲ ಅಂಗೇ ಮಾಡಿರೋದು” ಎಂದ ಗುಂಡಯ್ಯ. ಸುತ್ತ ನಿಂತಿದ್ದ ಗಂಡಸರೆಲ್ಲ ಗಂಭೀರವಾಗಿ ತಲೆಯಾಡಿಸಿದರು.

ಬಾಯಿ ನಿಲ್ಲದವನನ್ನು ಹೊರಗೆ ಬಿಡುವುದು ಅಪಾಯವೆಂದು ನಟರಾಜನಿಗೆ ಹೊಳೆಯಿತು. ಶಶಿ ಅಂಗಡಿಯೊಳಗೆ ಹೋಗಿ ಸಿಟ್ಟಿನಲ್ಲಿ ಸ್ಪ್ಯಾನರು ಹುಡುಕುತ್ತಿದ್ದಾಗ ಹಿಂದಿನಿಂದ ಶಟರ್ ದಡದಡನೆ ಇಳಿಯಿತು. ಹೊರಗೆ ಬೀಗ ಬಿದ್ದ ಸದ್ದು.

“ಲೇ ನಟ, ತಗೀಲಾ!”

“ಸುಮ್ಕಿರ್ಲಾ, ನಿನ್ ಒಳ್ಳೇದಕ್ಕೇ ಕಣ. ಬೆಂಗ್ಳೂರಿಗೆ ಓಗೋನು ಅಂಗಡಿ ತಕ್ಕಂಡ್ ಕುಂತಿದ್ರೆ ಯಾರ್ ನಂಬ್ತಾರೆ?”

ರಟ್ಟಿನ ಮೇಲೆ ‘ಈ ಅಂಗಡಿ ಬಾಡಿಗೆಗಿದೆ’ ಎಂದು ಬರೆದು ಶಟರಿಗೆ ನೇತುಹಾಕಿ ನಟರಾಜ ರಸ್ತೆಯ ಆಚೆ ಹೋಗಿ ಕಾವಲು ಕೂತ. ಶಶಿಯ ಫೋನು ಹೊರಗೆ ನಿಂತಿದ್ದ ಬೈಕಿನ ಟ್ಯಾಂಕ್ ಕವರಿನಲ್ಲಿ ಬೆಚ್ಚಗೆ ಮಲಗಿತ್ತು.

ಮೊದಲು ಊರಿನ ಕೈಗೆ ಸಿಕ್ಕಿದ್ದು ಬಿಳೀ ಷರಟಿನ ಇಬ್ಬರು ಗಂಡಸರು. ಬಸ್ ಇಳಿದು ಅತ್ತಿತ್ತ ನೋಡಿದ್ದೇ ತಡ, ಜೇನುನೊಣದ ಹಾಗೆ ಜನ ಮುತ್ತಿಕೊಂಡರು. ಕೇಳುವ ಮೊದಲೇ ಕಾಫಿ ಬಂತು. ಶಶಿಯಂಥ ಹುಡುಗ ಕಾವೇರಿಯಿಂದ ಹೇಮಾವತಿಯವರೆಗೆ ಹುಡುಕಿದರೂ ಸಿಗುವುದಿಲ್ಲ ಎಂದು ಗುಂಡಯ್ಯ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ಎಲ್ಲ ಕೇಳಿದ ಮೇಲೆ ಅವರಲ್ಲೊಬ್ಬ, “ಭಾಳ ಒಳ್ಳೆ ಉಡುಗ ಸಾ. ಆದ್ರೆ ನಮಗ್ಯಾಕೆ ಯೋಳ್ತಿದೀರಿ?” ಎಂದು ಚೀಲದಿಂದ ನೀರಿನ ಫಿಲ್ಟರ್ ತೆಗೆದ. ನಾಚಿಕೆಗೆ ಗುಂಡಯ್ಯ ಒಂದು ಫಿಲ್ಟರ್ ಕೊಂಡುಕೊಳ್ಳಬೇಕಾಯಿತು.

ಈ ಗದ್ದಲದಲ್ಲಿ ಹೊಳೆನರಸೀಪುರದ ಬಸ್ಸಿನಿಂದ ಇಳಿದ ಗಂಡಹೆಂಡಿರನ್ನು ಯಾರೂ ಗಮನಿಸಲಿಲ್ಲ. ಅವರೇ ರಾಮಣ್ಣ ಮತ್ತು ಜಯಲಕ್ಷ್ಮಮ್ಮ. ಹುಡುಗಿ ಮೇಘಶ್ರೀಯ ಸೋದರಮಾವ ಮತ್ತು ಅತ್ತೆ. ವಿಚಾರಿಸಲು ಹೆಂಗಸೂ ಬರುತ್ತಾಳೆಂದು ಊರು ಕನಸಿನಲ್ಲೂ ಎಣಿಸಿರಲಿಲ್ಲ. ಜಯಲಕ್ಷ್ಮಮ್ಮ ಹೋಟೆಲಿನಲ್ಲಿ ಕೂತು ಕಾಫಿಯನ್ನು ಆರಿಸುತ್ತಾ, “ಇಲ್ಲಿ ಮೋಟಾರ್ ರಿಪೇರಿ ಮಾಡೋರು ಯಾರವ್ರೆ?” ಎಂದಾಗ ಚಿಕ್ಕಯ್ಯನ ಕಿವಿ, ಹಾಲು ಉಕ್ಕುವ ಸದ್ದು ಕೇಳಿದ ಗೃಹಿಣಿಯ ಕಿವಿಯಂತೆ ನೆಟ್ಟಗಾಯಿತು.

“ಶಶಿ ಅಂತ ಒಬ್ಬವ್ನೆ ಕಣವ್ವ. ಬಂಗಾರ. ಆದ್ರೆ ಬರೋ ತಿಂಗ್ಳು ಬೆಂಗ್ಳೂರಿಗೆ ಓಯ್ತಾವ್ನೆ.”

ಜಯಲಕ್ಷ್ಮಮ್ಮನ ಮುಖ ಬಾಡಿತು. “ಯಾಕೆ? ಊರು ಚೆನ್ನಾಗೈತಲ್ಲಾ?”

ಬಾಯಲ್ಲಿ ಚೆನ್ನಾಗಿದೆ ಎಂದರೂ ಅವಳ ಮುಖ ಬಾಡಿದ್ದು ಊರನ್ನು ನೋಡಿಯೇ ಎಂದುಕೊಂಡ ಚಿಕ್ಕಯ್ಯ ಇನ್ನಷ್ಟು ಒತ್ತಿ ಹೇಳಿದ: “ಏನ್ ಚೆನ್ನಾಗೈತೆ ಬುಡವ್ವ! ಮಳೆ ಬಂದ್ರೆ ಬಸ್‌ಸ್ಟಾಂಡೇ ಕೆರೆ. ಕರೆಂಟು ನೆಂಟ್ರಂಗೆ, ಬಂದ್ರೆ ಬಂತು, ಓದ್ರೆ ಓಯ್ತು. ಒಂದು ಒಳ್ಳೆ ಸೀರೆ ತಗಬೇಕಂದ್ರೂ ಆಸನಕ್ಕೇ ಓಗ್ಬೇಕು. ಮನೇಲಿ ಸೀನಿದ್ರೆ ಮೂರನೇ ಬೀದೀಲಿ ‘ಕಷಾಯ ಕುಡಿ’ ಅಂತಾರೆ. ಅಂಥ ಚಿನ್ನದಂಥ ಉಡುಗ ಇಲ್ಲಿರ್ತಾನಾ?”

ಗುಂಡಯ್ಯನ ಅಂಗಡಿಗೆ ಬರುವಷ್ಟರಲ್ಲಿ ಶಶಿಯ ಬೆಂಗಳೂರಿನ ಅಂಗಡಿ ಬೆಳೆದು ಪೀಣ್ಯದಲ್ಲಿ ಫ್ಯಾಕ್ಟರಿಯಾಗಿತ್ತು. ಹೂವಿನ ಗಂಗಾಂಬಿಕೆಯ ಹತ್ತಿರ ಹೋದಾಗ ಅವನು ಪೀಣ್ಯದಿಂದಲೂ ಎದ್ದು ದುಬೈಗೆ ಹೊರಟಿದ್ದ. “ವಿಮಾನದ ಟಿಕೇಟು ಬಂದೈತೆ ಕಣಕ್ಕ, ನಾನೇ ಕಣ್ಣಾರೆ ನೋಡಿದೀನಿ!” ಎಂದಳು ಗಂಗಾಂಬಿಕೆ. ವಿಮಾನದ ಟಿಕೇಟು ಹೇಗಿರುತ್ತದೆಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

ಒಂದು ಮಾತು ಮಾತ್ರ ಹೇಳಬೇಕು. ಬಾಯಲ್ಲಿ ಊರನ್ನು ಅಷ್ಟೆಲ್ಲ ಹಳಿದ ಜನವೇ, ಗಂಡಿನ ಮನೆ ಎಲ್ಲಿ ಎಂದು ಕೇಳಿದಾಗ ಬೆರಳು ತೋರಿಸಿ ಸುಮ್ಮನಾಗಲಿಲ್ಲ. ಕೈಕೆಲಸ ಬಿಟ್ಟು ಜೊತೆಗೆ ನಡೆದರು. ಬಿಸಿಲೆಂದು ಯಾರೋ ಕೊಡೆ ತಂದುಕೊಟ್ಟರು. ಗುರುತೇ ಇಲ್ಲದ ಮುದುಕಿಯೊಬ್ಬಳು ಜಗುಲಿಯಿಂದಲೇ, “ಊಟ ಆಯ್ತೇನವ್ವಾ? ಬಾ, ಸಾರು ಬಿಸಿಯಾಗೈತೆ” ಎಂದಳು. ಜಯಲಕ್ಷ್ಮಮ್ಮ ಎಲ್ಲವನ್ನೂ ನೋಡುತ್ತಾ ನಡೆದಳು. ನೋಡಿದಷ್ಟೂ ಅವಳ ಮುಖ ಸಪ್ಪಗಾಯಿತು.

ಮನೆಯಲ್ಲಿದ್ದದ್ದು ಶಶಿಯ ತಾಯಿ ಮಾಯಮ್ಮ ಒಬ್ಬಳೇ. ಪಕ್ಕದ ಮನೆಯವಳು ಓಡಿಬಂದು “ಶಶಿ ಬೆಂಗ್ಳೂರಿಗೆ ಓಯ್ತಾನೆ” ಎಂದಷ್ಟೇ ಹೇಳಿ, ಅದು ಸುಳ್ಳೆಂದು ಹೇಳುವ ಮೊದಲೇ ಒಲೆಯ ಮೇಲಿನ ಹಾಲು ನೆನಪಾಗಿ ವಾಪಸ್ ಓಡಿದ್ದಳು. ಹಾಗಾಗಿ ಮಾಯಮ್ಮ ನಟಿಸಲಿಲ್ಲ. ನಿಜವಾಗಿಯೂ ಅತ್ತಳು.

“ನಂಗೊಂದ್ ಮಾತೂ ಯೋಳ್ದೆ ಓಯ್ತಾವ್ನಲ್ಲವ್ವಾ! ನಿನ್ನೆ ರಾತ್ರೆ ಮುದ್ದೆ ಉಣ್ಣುವಾಗ್ಲೂ ತುಟಿ ಪಿಟಕ್ ಅನ್ನಲಿಲ್ಲ!”

ಜಯಲಕ್ಷ್ಮಮ್ಮ ಅವಳ ಕೈ ಹಿಡಿದುಕೊಂಡು ತಾನೂ ಅತ್ತಳು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವೆಂದು ರಾಮಣ್ಣ ಎದ್ದು ಚಪ್ಪಲಿ ಮೆಟ್ಟಿದ.

ವಾಪಸ್ ಹೋಗುವಾಗ ಇಬ್ಬರೂ ಶಶಿಯ ಅಂಗಡಿಯ ಮುಂದೆ ಒಂದು ಕ್ಷಣ ನಿಂತರು. ಒಳಗೆ ಶಶಿ ಬೆವರಿನಲ್ಲಿ ನೆಂದು, ಶಟರಿಗೆ ಕಿವಿ ಹಚ್ಚಿ ನಿಂತಿದ್ದ.

“ನೋಡ್ರೀ, ಬಾಡಿಗೆಗೂ ಬುಟ್ಟವ್ನೆ” ಎಂದಳು ಜಯಲಕ್ಷ್ಮಮ್ಮ. “ನಮ್ ಮೇಘ ಏನಂದಿದ್ಲು? ಬೆಂಗ್ಳೂರು ಸಾಕಾಗೈತೆ ಅತ್ತೆ, ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಇರೋದಕ್ಕಿಂತ ಬಸ್ಸಲ್ಲೇ ಜಾಸ್ತಿ ಇರ್ತೀನಿ, ಪಕ್ಕದ ಮನೆಯೋರ ಎಸ್ರೂ ಗೊತ್ತಿಲ್ಲ. ಚಿಕ್ಕ ಊರಲ್ಲಿರೋ ಗಂಡನ್ನೇ ನೋಡಿ, ಅಲ್ಲೇ ಒಂದು ಲ್ಯಾಬ್ ಇಟ್ಕತೀನಿ ಅಂದಿದ್ಲು. ಊರು ನೋಡಿದ್ರೆ ಇಷ್ಟ್ ಚೆನ್ನಾಗೈತೆ. ಈ ಉಡುಗ ನೋಡುದ್ರೆ ದುಬೈಗೆ ಓಯ್ತಾವ್ನೆ.”

ಶಶಿಯ ಎದೆ ಒಂದು ಸಲ ನಿಂತು ಮತ್ತೆ ಸ್ಟಾರ್ಟ್ ಆಯಿತು. ಎರಡೂ ಕೈಯಿಂದ ಶಟರ್ ಬಡಿದ.

“ನಾನ್ ಎಲ್ಲಿಗೂ ಓಗಲ್ಲ! ಇಲ್ಲೇ ಇರ್ತೀನಿ! ಇಲ್ಲೇ ಸಾಯ್ತೀನಿ!”

ಗಂಡಹೆಂಡಿರು ಹೌಹಾರಿ ಹಿಂದೆ ಜಿಗಿದರು. ಆಚೆಕಡೆಯಿಂದ ನಟರಾಜ ಓಡಿಬಂದ.

“ಎದರ್ಕಬೇಡಿ ಸಾ, ಟೀವಿ! ಆಫ್ ಮಾಡದೇ ಬೀಗ ಆಕ್ಕಂಡ್ ಓಗವ್ನೆ. ಸೀರಿಯಲ್ಲು.”

“ಕರೆಂಟೇ ಇಲ್ವಲ್ಲಪ್ಪ?” ಎಂದ ರಾಮಣ್ಣ.

“ಯುಪಿಎಸ್ ಐತೆ ಸಾ!”

“ನಾನು ಟೀವಿ ಅಲ್ಲ!” ಎಂದು ಒಳಗಿನಿಂದ ಕೂಗು ಬಂತು.

“ಒಳ್ಳೆ ಸೀರಿಯಲ್ಲು ಸಾ, ಹುಚ್ಚನ ಪಾತ್ರ” ಎನ್ನುತ್ತಾ ನಟರಾಜ ಇಬ್ಬರನ್ನೂ ಹೋಟೆಲಿನತ್ತ ನಡೆಸಿಕೊಂಡು ಹೋದ.

ಬೀಗ ತೆಗೆದದ್ದು ಸಂಜೆ, ಅವರ ಬಸ್ ಹೊರಟ ಮೇಲೆ. ಸುಟ್ಟ ಮೋಟಾರಿನ ಹಾಗೆ ಕಾದಿದ್ದ ಶಶಿ ಹೊರಗೆ ಬಂದಾಗ ಎದುರಿಗೆ ಅರ್ಧ ಊರೇ ನಿಂತಿತ್ತು. ಎಲ್ಲರ ಮುಖದಲ್ಲೂ ಪರೀಕ್ಷೆ ಚೆನ್ನಾಗಿ ಬರೆದವರ ಸಂತೋಷ.

“ಎಂಗೆ?” ಎಂದ ಗುಂಡಯ್ಯ. “ಒಬ್ಬನೂ ಮಾತು ತಪ್ಪಲಿಲ್ಲ.”

“ಅವ್ರಿಗೆ ಬೇಕಾಗಿದ್ದು ಊರಲ್ಲೇ ಇರೋ ಗಂಡು ಕಣ್ರಯ್ಯೋ!” ಎಂದು ಕಿರುಚಿದ ಶಶಿ. “ಆ ಉಡುಗಿ ಬೆಂಗ್ಳೂರು ಬ್ಯಾಡ ಅಂತ ಬುಟ್ಟು ಬತ್ತಾವ್ಳೆ! ನನ್ನನ್ನ ಎಲ್ಲಾ ಸೇರಿ ದುಬೈಗೆ ಕಳ್ಸುದ್ರಲ್ಲಾ!”

ಬೆಂಗಳೂರು ಬೇಡ ಎನ್ನುವ ಹುಡುಗಿ ಭೂಮಿಯ ಮೇಲೆ ಇರಬಹುದೆಂದು ಆ ಊರಿನ ಒಂದು ತಲೆಗೂ ಹೊಳೆದಿರಲಿಲ್ಲ. ಮೊದಲು ಬಾಯಿ ತೆರೆದವಳು, ಕಣ್ಣು ಊದಿಸಿಕೊಂಡು ಬಂದು ನಿಂತಿದ್ದ ಮಾಯಮ್ಮ.

“ಓಗಲ್ವೇನ್ಲಾ ಮಗ? ದಿಟವಾ?”

“ಎಲ್ಲಿಗೂ ಇಲ್ಲ ಕಣವ್ವ.”

ಮಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕಳು. ಅದನ್ನು ನೋಡಿ ಶಶಿಗೂ ಅರ್ಧ ಸಿಟ್ಟು ಇಳಿಯಿತು. ಇವರು ಮೂರ್ಖರೇ ಸರಿ. ಆದರೆ ಒಂದು ಇಡೀ ದಿನ ವ್ಯಾಪಾರ ಬಿಟ್ಟು, ಬಿಸಿಲಲ್ಲಿ ನಿಂತು, ತನಗಾಗಿ ಬಾಯಿ ನೋಯುವಷ್ಟು ಸುಳ್ಳು ಹೇಳಿದ್ದಾರೆ. ಬೆಂಗಳೂರಿನಲ್ಲಿ ಯಾರು ಹೇಳುತ್ತಾರೆ? ಅದೂ ಅಲ್ಲದೆ ಇಂಥ ಊರೇ ಬೇಕೆನ್ನುವ ಹುಡುಗಿ ಇದ್ದಾಳೆಂದು ಗೊತ್ತಾಯಿತಲ್ಲ. ಇನ್ನೇನು ಕೆಟ್ಟಿದೆ? ಒಂದು ಫೋನಿನ ಕೆಲಸ.

“ಚಿಕ್ಕಯ್ಯಣ್ಣ, ಅವ್ರ ನಂಬರ್ ಇದ್ರೆ ಈಗ್ಲೇ ಮಾಡು. ಎಲ್ಲಾ ಸುಳ್ಳು ಅಂತ ಯೋಳ್ಬುಡು” ಎಂದ.

ಚಿಕ್ಕಯ್ಯ ಎರಡು ಹೆಜ್ಜೆ ಹಿಂದೆ ಸರಿದು ತಲೆ ಕೆರೆದುಕೊಂಡ.

“ಯೋಳ್ಬೋದಿತ್ತು ಕಣ್ಲಾ. ಆದ್ರೆ ಬಸ್ ಅತ್ತೋ ಮುಂಚೆ ಒಂದು ಯಡವಟ್ಟಾಗೋಯ್ತು. ಆಯಮ್ಮ, ‘ಈ ಊರು ಬುಟ್ಟು ಓಗದೇ ಇರೋ ಗಂಡು ಒಬ್ಬನೂ ಇಲ್ವಾ?’ ಅಂದ್ಲು. ನಾನು ನಿನ್ನ ಎತ್ತಿ ಯೋಳ್ಬೇಕು ಅಂತ ನನ್ ಮಗನ್ನ ಬೈದೆ. ‘ಇವ್ನೊಬ್ಬ ದಂಡಪಿಂಡ ಅವ್ನೆ ಕಣವ್ವ, ಬೆಂಗ್ಳೂರಿಗೆ ಅಟ್ಟುದ್ರೆ ವಾರ ತುಂಬೋದ್ರಲ್ಲಿ ವಾಪಸ್ ಬಂದ, ಒದ್ದರೂ ಇಲ್ಲಿಂದ ಕದಲಲ್ಲ’ ಅಂದೆ. ಆಯಮ್ಮ ನಟನ್ನ ಮೇಲಿಂದ ಕೆಳೀಕೆ ನೋಡುದ್ಲು. ಆಮೇಲೆ ಯಾವ ನಕ್ಷತ್ರ ಅಂತ ಕೇಳುದ್ಲು.”

ನಟರಾಜ ಸಟ್ಟುಗವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನೆಲ ನೋಡಿದ. ಅವನ ಕಿವಿ ಕೆಂಪಾಗಿತ್ತು.

ಚಿಕ್ಕಯ್ಯ ಹತ್ತಿರ ಬಂದು ದನಿ ತಗ್ಗಿಸಿದ. ಆದರೂ ಅರ್ಧ ಊರಿಗೆ ಕೇಳಿಸಿತು.

“ಇನ್ನೊಂದೈತೆ. ಅಪ್ಪನ ಮಾತು ಅವ್ರು ನಂಬಲ್ವಂತೆ. ಊರೋರ್ನ ಕೇಳುದ್ರೆ ಒಗಳ್ತಾರಂತೆ. ‘ಆ ಮೋಟಾರ್ ಉಡುಗ ಎಂಗೂ ಊರು ಬುಟ್ಟು ಓಗೋನು, ಅವ್ನಿಗ್ಯಾರ ಮುಲಾಜು? ಅವ್ನೊಬ್ನೇ ಸತ್ಯ ಯೋಳೋದು’ ಅಂತ ನಿನ್ ನಂಬರ್ ಇಸ್ಕಂಡ್ ಓದ್ರು. ನಾಳೆ ಬೆಳಗ್ಗೆ ಮಾಡ್ತಾರೆ. ನಮ್ ನಟನ ಬಗ್ಗೆ ಏನ್ ಯೋಳೀಯ್ಲಾ ಶಶಿ?”

ಶಶಿಕಿರಣ್ ಚಿಕ್ಕಯ್ಯನನ್ನು ನೋಡಿದ, ನಟರಾಜನನ್ನು ನೋಡಿದ. ಬೈಕಿನ ಕವರಿನಿಂದ ಫೋನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

“ಲೇ ಶಶಿ, ಏನಾದ್ರೂ ಅನ್ಲಾ!” ಎಂದ ಚಿಕ್ಕಯ್ಯ.

ಶಶಿ ತಾಯಿಯ ಜೊತೆ ಮನೆಯ ಕಡೆ ನಡೆದುಬಿಟ್ಟ.