ದೊಡ್ಡಪ್ಪನ ಇಂಗ್ಲಿಷ್ ಅಲಂಕಾರ

ನಮ್ಮ ದೊಡ್ಡಪ್ಪ ಸಾವಿನ ಮನೆಗೆ ಹೋಗಿ ಅಳುವವರಿಗೆ ಅಂಕ ಕೊಡುತ್ತಾರೆ ಎಂದು ತರೀಕೆರೆಯಿಂದ ಅಜ್ಜಂಪುರದವರೆಗೆ ಒಂದು ಸುದ್ದಿ ಹಬ್ಬಿತ್ತು. ಶುದ್ಧ ಸುಳ್ಳು! ಅವರು ಯಾರಿಗೂ ಅಂಕ ಕೊಟ್ಟವರಲ್ಲ. ಅಳುವವರ ಮಾತಿನಲ್ಲಿ ಯಾವ ಅಲಂಕಾರವಿದೆ ಎಂದು ಮಾತ್ರ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ ಅದು. ದೊಡ್ಡಪ್ಪ ಅಜ್ಜಂಪುರದಲ್ಲಿ ಇಂಗ್ಲಿಷ್ ಮೇಷ್ಟ್ರು. ಆಗಿನ ಇಂಗ್ಲಿಷ್ ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆ ಒಂದು ಇರುತ್ತಿತ್ತು. ವಾಕ್ಯ ಕೊಟ್ಟು, ಇದು ಸಿಮಿಲಿಯೋ, ಮೆಟಫರೋ, ಮತ್ತೊಂದೋ ಗುರುತಿಸಿ ಎನ್ನುತ್ತಿದ್ದರು. ಬೇರೆ ಮೇಷ್ಟ್ರುಗಳು ಅದನ್ನು ಪರೀಕ್ಷೆಗೆ ಎಂಟು ದಿನ ಇರುವಾಗ ಉರು ಹೊಡೆಸಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ದೊಡ್ಡಪ್ಪನಿಗೆ ಅದು ತಲೆಗೇ ಏರಿಬಿಟ್ಟಿತ್ತು. ಅವರೆದುರು ಯಾರು ಬಾಯಿ ತೆರೆದರೂ ಪ್ರಶ್ನೆಪತ್ರಿಕೆ ತೆರೆದ ಹಾಗೆ! ‘ಬಿಸಿಲು ಬೆಂಕಿಯ ಹಾಗಿದೆ’ ಎಂದರೆ “ಸಿಮಿಲಿ” ಎನ್ನುವರು. ‘ಬಿಸಿಲಲ್ಲ ಕಣ್ರೀ, ಬೆಂಕಿ’ ಎಂದರೆ “ಈಗ ನೋಡು, ಮೆಟಫರ್ ಆಯ್ತು” ಎಂದು ಬೆನ್ನು ತಟ್ಟುವರು. ಸೊಪ್ಪಿನವಳು ಬುಟ್ಟಿ ಇಳಿಸಿ, “ಎಳೇ ಸೊಪ್ಪು ಮೇಷ್ಟ್ರೇ, ನಿಮ್ಮನ್ನೇ ಕೂಗಿ ಕರೀತೈತೆ” ಎಂದಳು ಒಮ್ಮೆ.

“ಪರ್ಸಾನಿಫಿಕೇಷನ್!” ಎಂದು ಇವರು ಕುಣಿದರು.

“ಅದಲ್ಲ ಮೇಷ್ಟ್ರೇ, ಇದು ದಂಟಿನ ಸೊಪ್ಪು” ಎಂದಳು ಅವಳು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಬುಕ್ಕಾಂಬುಧಿಯಲ್ಲಿ ಕೆರೆಯ ನೀರುಗಂಟಿ ತೀರಿಕೊಂಡಾಗ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ನಲವತ್ತು ವರ್ಷ ಕೆರೆಯ ತೂಬು ತೆಗೆದು, ಗದ್ದೆಗಳಿಗೆ ನೀರು ಹಂಚಿದ ಮನುಷ್ಯ. ಅಂಗಳದಲ್ಲಿ ಹೆಣ ಇಟ್ಟಿದ್ದಾರೆ. ಅವನ ಹೆಂಡತಿ ಕೆರೆ ಏರಿಯ ಕಡೆ ಕೈ ನೀಡಿ, “ಅಯ್ಯೋ ಕೆರೆಯವ್ವಾ, ನಿನ್ನ ಕಾಯೋನು ಹೋದ್ನಲ್ಲೇ, ಇನ್ನು ಯಾರ ಮಾತು ಕೇಳ್ತೀಯೇ!” ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಕಲ್ಲೂ ಕರಗಬೇಕು. ನನ್ನ ಪಕ್ಕ ನಿಂತಿದ್ದ ದೊಡ್ಡಪ್ಪನ ಕಣ್ಣಲ್ಲೂ ನೀರು. ಪರವಾಗಿಲ್ಲ, ಇವರಿಗೂ ಕರುಳಿದೆ ಎಂದುಕೊಳ್ಳುವಷ್ಟರಲ್ಲಿ, “ಅಪಾಸ್ಟ್ರಫಿ! ಎಂಥ ಅಪಾಸ್ಟ್ರಫಿ!” ಎಂದು ಗಟ್ಟಿಯಾಗಿ ಹೇಳಿಬಿಟ್ಟರು! ಎದುರಿಗಿಲ್ಲದವರನ್ನೋ ಕೇಳಿಸಿಕೊಳ್ಳಲಾರದ ವಸ್ತುವನ್ನೋ ಕರೆದು ಮಾತಾಡಿಸುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಹೆಸರಂತೆ. ಅಳು ಗಕ್ಕನೆ ನಿಂತಿತು. ಇಡೀ ಅಂಗಳ ಇವರನ್ನೇ ನೋಡಿತು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮಾರನೆಯ ದಿನ ಸುತ್ತ ಹಳ್ಳಿಗಳಲ್ಲೆಲ್ಲ ಒಂದೇ ಮಾತು. ನೀರುಗಂಟಿ ಸತ್ತದ್ದು ವಯಸ್ಸಾಗಿ ಅಲ್ಲವಂತೆ, ಅಪಾಸ್ಟ್ರಪಿ ಅನ್ನೋ ಕಾಯಿಲೆಯಂತೆ, ಅಜ್ಜಂಪುರದ ಮೇಷ್ಟ್ರು ನಿಂತ ನಿಲುವಿನಲ್ಲೇ ಕಂಡುಹಿಡಿದರಂತೆ!

ಇಂಥವರ ಜೊತೆ ಸಂಸಾರ ಮಾಡಿದ ದೊಡ್ಡಮ್ಮ ಹೇಗಿದ್ದಿರಬಹುದು? ಮದುವೆಯಾದ ಹೊಸದರಲ್ಲಿ ಆಕೆಯೂ ಎಲ್ಲರಂತೆ ಬಣ್ಣಬಣ್ಣವಾಗಿಯೇ ಮಾತಾಡುತ್ತಿದ್ದರಂತೆ. ಒಂದೊಂದು ಮಾತಿಗೂ ಒಂದೊಂದು ಪಾಠ ಕೇಳಿ ಕೇಳಿ ಸಾಕಾಗಿ, ಅಲಂಕಾರ ಹುಡುಕಲು ಜಾಗವೇ ಇಲ್ಲದ ಹಾಗೆ ಮಾತಾಡುವುದನ್ನು ಕಲಿತುಬಿಟ್ಟಿದ್ದರು. “ಅನ್ನ ಆಗಿದೆ.” “ನೀರು ಕಾದಿದೆ.” “ಮಳೆ ಬಂತು.” ಇಷ್ಟೇ. ಅವರಿಗೆ ಮಕ್ಕಳಿರಲಿಲ್ಲ. ಎರಡು ಮನೆ ಆಚೆಗಿದ್ದ ನಾನೇ ಮಗಳು.

ಒಮ್ಮೆ ಗಂಡ ಹೆಂಡತಿ ಇಬ್ಬರೂ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಂಪುರದ ಬಸ್ಸು ಹತ್ತಿದ್ದರು. ಒಳಗೆ ಕಾಲಿಡಲು ಜಾಗವಿಲ್ಲ, ಮೇಲೆ ಕೋಳಿಬುಟ್ಟಿ, ಫುಟ್‌ಬೋರ್ಡಿನಲ್ಲಿ ಜೋತುಬಿದ್ದ ಜನ. ಅಷ್ಟಾದರೂ ಕಂಡಕ್ಟರು, “ಬನ್ನಿ, ಬನ್ನಿ, ಅರಮನೆ ಥರ ಖಾಲಿ ಹೊಡೀತಿದೆ!” ಎಂದು ಕೂಗುತ್ತಿದ್ದ. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ಜನರನ್ನು ನೂಕಿಕೊಂಡು ಕೆಳಗಿಳಿದು, “ಏನಪ್ಪಾ, ಒಂದೇ ಉಸಿರಿಗೆ ಐರನಿ ಮತ್ತು ಸಿಮಿಲಿ! ಎಷ್ಟು ಓದಿದೀಯ?” ಎಂದು ಅವನ ಕೈ ಕುಲುಕಿದರು. ಅವನು ಕೈ ಬಿಡಿಸಿಕೊಂಡು ಸೀಟಿ ಊದಿದ. ಬಸ್ಸು ಹೊರಟೇಹೋಯಿತು, ದೊಡ್ಡಮ್ಮನ ಸಮೇತ! ಸಂಜೆಯ ಬಸ್ಸಿಗೆ ದೊಡ್ಡಪ್ಪ ಮನೆ ಮುಟ್ಟಿದಾಗ ಆಕೆ ಹೇಳಿದ್ದು ಎರಡೇ ಮಾತು. “ಬಂದ್ರಾ? ಕೈಕಾಲು ತೊಳ್ಕೊಳಿ.”

ಇನ್ನು ನನ್ನ ವಿಷಯ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ ತರೀಕೆರೆಯಿಂದ ಒಂದು ಸಂಬಂಧ ಬಂತು. ಅಕ್ಕಿ ಗಿರಣಿಯವರು. ನಮ್ಮಪ್ಪನಿಗೆ ಕೈಗೆ ಸ್ವರ್ಗ ಸಿಕ್ಕಿದ ಸಂತೋಷ. ಅವರು ಹೆಣ್ಣು ನೋಡಲು ಬರುವ ಹಿಂದಿನ ದಿನವೇ ಅಣ್ಣನನ್ನು ಮೂಲೆಗೆ ಕರೆದು, “ಅಣ್ಣಯ್ಯ, ನಿನ್ನ ಕಾಲಿಗೆ ಬೀಳ್ತೀನಿ, ನಾಳೆ ಒಂದಿನ ಬಾಯಿ ಬಿಡಬೇಡ” ಎಂದು ಕೇಳಿಕೊಂಡರು. ದೊಡ್ಡಪ್ಪ ಒಪ್ಪಿದರು. ಗಂಡಿನ ಕಡೆಯವರು ಬಂದು ಕೂತ ಮೇಲೂ ಅರ್ಧ ಗಂಟೆ ತುಟಿ ಕಚ್ಚಿಕೊಂಡು ಕೂತಿದ್ದರು, ಪಾಪ.

ಗಂಡಿನ ಸೋದರತ್ತೆ ಆ ಮನೆಯ ಯಜಮಾನಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಮ್ಮನ ಮಕ್ಕಳನ್ನೆಲ್ಲ ಸಾಕಿ, ಗಿರಣಿ ಕಟ್ಟಿಸಿದ ಗಟ್ಟಿಗಿತ್ತಿ. ಆಕೆ ಕೇಸರಿಭಾತಿನ ತಟ್ಟೆ ಹಿಡಿದು, “ನಮ್ಮ ಗಿರಣಿ ಅಕ್ಕಿ ಉಣ್ಣದ ಬಾಯಿ ಈ ಲೋಕದಲ್ಲೇ ಇಲ್ಲ ಕಣ್ರೀ” ಎಂದರು.

ನಾನು ದೊಡ್ಡಪ್ಪನ ಮುಖ ನೋಡಿದೆ. ಅಪ್ಪನೂ ನೋಡಿದರು. ಕಚ್ಚಿಕೊಂಡಿದ್ದ ತುಟಿ ತಡೆಯಲಿಲ್ಲ.

“ಹೈಪರ್ಬೊಲಿ!”

ಸೋದರತ್ತೆಯ ಕೈಯಿಂದ ತಟ್ಟೆ ಕೆಳಗೆ ಬಿತ್ತು. “ಏನಂದ್ರಿ? ಯಾರನ್ನ ಬೋಳಿ ಅಂದಿದ್ದು?”

“ಅಯ್ಯೋ, ನಿಮಗಲ್ಲಮ್ಮ” ಎಂದು ದೊಡ್ಡಪ್ಪ ಎದ್ದು ಕೈಮುಗಿದರು, “ನೀವು ಆಡಿದ ಮಾತಿಗೆ ಅಂದೆ. ಅಂದ್ರೆ, ಇಲ್ಲದ್ದನ್ನ ತೀರಾ ಉಬ್ಬಿಸಿ ಉಬ್ಬಿಸಿ ಹೇಳೋದು...”

ಗಂಡ ಸತ್ತ ಹೆಂಗಸಿಗೆ ಆಡಬಾರದ ಬೈಗುಳ ಒಂದು, ಅದರ ಮೇಲೆ ಸುಳ್ಳುಬುರುಕಿ ಎಂಬ ಬಿರುದು! ಗಂಡಿನ ಕಡೆಯವರು ಕಾಫಿಯನ್ನೂ ಮುಟ್ಟದೆ ಎದ್ದುಹೋದರು. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. ಒಂದು ವರ್ಷ ಅಣ್ಣನ ಜೊತೆ ಮಾತಾಡಲಿಲ್ಲ. ನಾನು ಅಳಬೇಕೋ ನಗಬೇಕೋ ತಿಳಿಯದೆ ಹಿತ್ತಲಿಗೆ ಓಡಿದೆ. ದೊಡ್ಡಪ್ಪ ಅಲ್ಲಿಗೇ ಬಂದು, “ತಪ್ಪಾಯ್ತು ಮಗಳೇ” ಎಂದರು. ಆಮೇಲೆ, “ಹೆಂಗೂ ಮನೇಲೇ ಇರ್ತೀಯಲ್ಲ, ದಿನಾ ಬಾ, ಇಂಗ್ಲಿಷ್ ಹೇಳ್ಕೊಡ್ತೀನಿ” ಎಂದರು. ದಿನಾ ಹೋದೆ. ಪಾಸಾದೆ. ಅಪ್ಪನಿಗೆ ಬೇರೆ ಸಂಬಂಧ ಸಿಗುವುದರೊಳಗೆ ಶಿವಮೊಗ್ಗದ ಕಾಲೇಜೂ ಸೇರಿದೆ.

ಒಂದು ವರ್ಷ ನಾನು ಕಾಲೇಜಿನ ರಜಕ್ಕೆ ಬಂದಾಗ ದೊಡ್ಡಮ್ಮನಿಗೆ ಹೊಟ್ಟೆನೋವು ಶುರುವಾಗಿ ಆರು ತಿಂಗಳಾಗಿತ್ತು. ಬರೀ ಗಂಜಿ, ಸಪ್ಪೆ ಅನ್ನ. ಎಲುಬು ಎಣಿಸಬಹುದಾಗಿತ್ತು. ತರೀಕೆರೆಯಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದರು. ದೊಡ್ಡಪ್ಪನೂ ನಾನೂ ಆಕೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಡಾಕ್ಟರು ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿದರು. ಹಳೆಯ ಚೀಟಿಗಳನ್ನೆಲ್ಲ ಓದಿದರು. ಆಮೇಲೆ ಮೇಜಿನ ಮೇಲಿನ ಪೆನ್ನನ್ನು ಸರಿಮಾಡುತ್ತ ಹೇಳಿದರು.

“ಇನ್ನು ಔಷಧಿ ಬೇಡಮ್ಮ. ಪಥ್ಯಾನೂ ಬೇಡ. ಬಾಯಿಗೆ ಏನು ರುಚಿಯೋ ಅದನ್ನ ತಿನ್ನಿ. ಮನೇಲಿ ಆರಾಮವಾಗಿರಿ.”

ಬಾಯಲ್ಲಿ ಹೇಳಲಾಗದ ಕೆಟ್ಟ ಸುದ್ದಿಯನ್ನು ಹೀಗೆ ಮೆತ್ತಗೆ ಮಾಡಿ ಹೇಳುವುದಕ್ಕೆ ಯೂಫೆಮಿಸಂ ಎಂದು ಹೆಸರು. ನನಗೆ ಅದನ್ನು ಕಲಿಸಿದವರೇ ಪಕ್ಕದಲ್ಲಿ ಕೂತಿದ್ದರು. ದೇವರೇ, ಇವರು ಈಗ ಬಾಯಿ ಬಿಟ್ಟರೆ? ನಾನು ದೊಡ್ಡಪ್ಪನ ಕೋಟಿನ ತೋಳು ಹಿಡಿದೆ. ಅವರು ಬಾಯಿ ಬಿಡಲಿಲ್ಲ. ಡಾಕ್ಟರಿಗೆ ಕೈಮುಗಿದು, ದೊಡ್ಡಮ್ಮನ ಚಪ್ಪಲಿಯನ್ನು ಕಾಲಿಗೆ ಸರಿಸಿಕೊಟ್ಟು ಹೊರಗೆ ಬಂದರು.

ಬೀರೂರಿನಲ್ಲಿ ರೈಲು ಬದಲಿಸಬೇಕು. ದೊಡ್ಡಮ್ಮ ಬೆಂಚಿನ ಮೇಲೆ ಕೂತು, “ಬೋಂಡಾ ತಿನ್ಬೇಕು” ಎಂದರು. ದೊಡ್ಡಪ್ಪ ಎಲೆಯಲ್ಲಿ ಕಟ್ಟಿಸಿಕೊಂಡು ಬಂದರು. ಆರು ತಿಂಗಳು ಖಾರ ಕಾಣದ ನಾಲಗೆ. ಒಂದನ್ನು ಪೂರ್ತಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು.

“ಪಥ್ಯ ಬೇಡ ಅಂದ್ರಲ್ಲ, ವಾಸಿ ಆಯ್ತು ಅಂತ ತಾನೇ?” ಎಂದವರು, ನಾನು ಕಂಡಂತೆ ಮೊದಲ ಸಲ ಗಂಡನನ್ನು ರೇಗಿಸಿದರು. “ರೀ, ಇವತ್ತೇನು ಮಾತೇ ಇಲ್ಲ? ಡಾಕ್ಟ್ರು ಹೇಳಿದ್ದರಲ್ಲಿ ಯಾವ ಅಲಂಕಾರ ಇತ್ತು, ಹೇಳಿ ನೋಡೋಣ.”

ನನ್ನ ಕೈ ಮತ್ತೆ ಅವರ ಕೋಟಿನ ತೋಳಿಗೆ ಹೋಯಿತು.

“ಅದರಲ್ಲಿ ಅಲಂಕಾರ ಗಿಲಂಕಾರ ಏನೂ ಇಲ್ಲ ಕಣೇ” ಎಂದರು ದೊಡ್ಡಪ್ಪ. “ಅವರು ಹೇಳಿದ್ದಕ್ಕೆ ಅಷ್ಟೇ ಅರ್ಥ.”

“ನಾನೂ ಹಂಗೇ ಅಂದ್ಕೊಂಡೆ” ಎಂದು ದೊಡ್ಡಮ್ಮ ಇನ್ನೊಂದು ಬೋಂಡಾ ಮುರಿದು, ಅರ್ಧ ಅವರ ಕೈಗಿಟ್ಟರು. “ತಿನ್ನಿ, ಬಿಸಿ ಇದೆ.”

ದೊಡ್ಡಪ್ಪ ಅದನ್ನು ಬಾಯಿಗೆ ಹಾಕಿಕೊಂಡು, ಹಳಿಗಳ ಕಡೆ ಮುಖ ಮಾಡಿ ನಿಂತರು. ಆ ಅರ್ಧ ಬೋಂಡಾವನ್ನು ಅಜ್ಜಂಪುರದ ರೈಲು ಬರುವವರೆಗೂ ಅಗಿಯುತ್ತಲೇ ಇದ್ದರು.