ಎರಡು ಕಾಲೂ ಗಟ್ಟಿಯಿರುವವಳಿಂದ ಗಾಲಿಕುರ್ಚಿಗೆ

ರಾಯಪುರಂ, ಚೆನ್ನೈ
21 ಆಗಸ್ಟ್ 2000

ಗೆ,
ಶ್ರೀಯುತ ಗಾಲಿಕುರ್ಚಿಯವರು,
ನಿರ್ಗಮನ ದ್ವಾರದ ಎಡಪಕ್ಕ,
ವಿಮಾನ ನಿಲ್ದಾಣ

ಮಾನ್ಯರೇ,

ತಮ್ಮ ಎರಡು ದೊಡ್ಡ ಗಾಲಿಗಳಿಗೂ ಎರಡು ಚಿಕ್ಕ ಗಾಲಿಗಳಿಗೂ ಬೇರೆ ಬೇರೆಯಾಗಿ ನಮಸ್ಕಾರಗಳು. ತಮ್ಮ ರೆಕ್ಸಿನ್ ಆಸನ ಹರಿಯದೆ, ಬ್ರೇಕು ಸಡಿಲವಾಗದೆ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ಅದರಲ್ಲೂ ನನ್ನ ಕಾಲುಗಳು ಅತ್ಯಂತ ಕ್ಷೇಮವಾಗಿದ್ದು, ಈ ಪತ್ರ ಬರೆಯಲು ಅದೇ ಕಾರಣ.

ಪತ್ರವನ್ನು ನಾನು ಹೇಳುತ್ತಿದ್ದೇನೆ, ನನ್ನ ತಂದೆ ಜಯರಾಮ ಅವರು ಬರೆದುಕೊಳ್ಳುತ್ತಿದ್ದಾರೆ. ಪ್ಯಾರೀಸ್ ಕಾರ್ನರಿನ ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಪತ್ರ ಬರೆಯುತ್ತಿರುವವರಾದ್ದರಿಂದ ಮೇಲಿನ "ಗೆ" ಮತ್ತು "ಮಾನ್ಯರೇ" ಎರಡೂ ಅವರ ಕೊಡುಗೆ. ಕುರ್ಚಿಗೆ ಓದಲು ಬರುತ್ತದೆಯೇ ಎಂದು ಅವರು ಮೊದಲಿಗೇ ತಕರಾರು ತೆಗೆದರು. ಹುಟ್ಟಿದಾಗಿನಿಂದ ಕಣ್ಣು ಕಾಣದ ನನಗೂ ಅವರ ಕೈಬರಹ ಓದಲು ಬರುವುದಿಲ್ಲ, ಆದರೂ ಎರಡು ಪದವಿ ಪಡೆದಿಲ್ಲವೇ, ಅದರಲ್ಲಿ ಒಂದು ಇಂಗ್ಲೆಂಡಿನದಲ್ಲವೇ ಎಂದು ಕೇಳಿದ ಮೇಲೆ ಪೆನ್ನಿನ ಮುಚ್ಚಳ ತೆಗೆದರು.

ನನ್ನ ಅಜ್ಜಿ ಚಿಕ್ಕತಾಯಮ್ಮನನ್ನು ತಾವು ಕಂಡಿದ್ದೀರಿ. ಕಬ್ಬಿಣದ ಬೇಲಿಯ ಆಚೆ ನಿಂತು ತಮ್ಮನ್ನು ದುರುಗುಟ್ಟಿಕೊಂಡು ನೋಡಿದ ಮುದುಕಿ ಅವಳೇ. ನನ್ನ ಅಮ್ಮ ತೀರಿಕೊಂಡ ಮೇಲೆ ನಂಜನಗೂಡಿನ ಕಡೆಯಿಂದ ಬಂದು ನನ್ನನ್ನು ಸಾಕಿದವಳು. ಇಪ್ಪತ್ತು ವರ್ಷ ಇಲ್ಲಿದ್ದರೂ ಮೀನಿನವಳ ಜೊತೆ ಜಗಳವಾಡಲು ಎಷ್ಟು ಬೇಕೋ ಅಷ್ಟೇ ತಮಿಳು ಕಲಿತವಳು. ಕಾನೂನು ಓದಲು ನಾನು ಇಂಗ್ಲೆಂಡಿಗೆ ಹೊರಟಿದ್ದೇನೆ ಎಂದಾಗ ಅವಳು ಎರಡು ದಿನ ಊಟ ಬಿಟ್ಟಳು. ಅವಳನ್ನು ಒಪ್ಪಿಸಲೆಂದೇ ನಾನು ಎಂಟು ತಿಂಗಳು ಬಿಳಿಕೋಲು ಹಿಡಿದು ಮನೆಯಿಂದ ಅಪ್ಪನ ಕಚೇರಿಯವರೆಗೆ ಒಬ್ಬಳೇ ಹೋಗಿಬಂದೆ. ಪ್ಯಾರೀಸ್ ಕಾರ್ನರಿನಲ್ಲಿ ಬಸ್ಸಿಗೆಂದು ಕಾಯುತ್ತ ನಿಂತ ನನ್ನನ್ನು ಯಾರಾದರೊಬ್ಬ ಪುಣ್ಯಾತ್ಮರು ಕೇಳದೆಯೇ ತೋಳು ಹಿಡಿದು ರಸ್ತೆಯ ಆಚೆಗೆ ದಾಟಿಸಿಬಿಡುತ್ತಿದ್ದರು. ನಾನು ಅವರಿಗೆ ಕೈಮುಗಿದು, ಅವರು ಮರೆಯಾದ ಮೇಲೆ ಒಬ್ಬಳೇ ಈಚೆಗೆ ದಾಟಿ ಬರುತ್ತಿದ್ದೆ. ಈ ರೀತಿಯಲ್ಲಿ ರಸ್ತೆ ದಾಟುವುದು ನನಗೆ ಬಹಳ ಚೆನ್ನಾಗಿ ಬಂತು.

ಅಜ್ಜಿ ಮಾತ್ರ ಕರಗಲಿಲ್ಲ. "ಇದು ನಮ್ ಬೀದಿ ಕಣವ್ವಾ, ಇಲ್ಲಿ ನಾಯಿಗೂ ನೀನು ಗೊತ್ತು. ಗುರ್ತಿಲ್ದಿರೋ ಜಾಗದಲ್ಲಿ ನೀನೊಬ್ಳೇ ನಡ್ಕಂಡು ಹೋಗದ್ನ ನಾನು ಕಣ್ಣಾರೆ ನೋಡ್ಬೇಕು. ನೋಡುದ್ರೆ ಅಳಾಕಿಲ್ಲ, ಕಳಿಸ್ಕೊಡ್ತೀನಿ" ಎಂದು ಷರತ್ತು ಹಾಕಿದಳು. ವಿಮಾನ ನಿಲ್ದಾಣದಲ್ಲಿ ಬೇಲಿಯಿಂದ ಗಾಜಿನ ಬಾಗಿಲಿಗೆ ನಲವತ್ತು ಹೆಜ್ಜೆ ಎಂದು ಅಪ್ಪ ಮೊದಲೇ ಹೋಗಿ ಎಣಿಸಿ ಬಂದರು. ಆ ನಲವತ್ತು ಹೆಜ್ಜೆಗೆಂದು ನಾನು ಹೊಸ ಚಪ್ಪಲಿ ಕೊಂಡೆ.

1998ರ ಸೆಪ್ಟೆಂಬರಿನ ಆ ಬೆಳಿಗ್ಗೆ ನಾನು ನಾಲ್ಕನೆಯ ಹೆಜ್ಜೆ ಇಡುವಷ್ಟರಲ್ಲಿ ತಾವು ದಯಮಾಡಿಸಿದಿರಿ. ತಮ್ಮ ಸಮಯಪಾಲನೆಯನ್ನು ಎಷ್ಟು ಹೊಗಳಿದರೂ ಸಾಲದು; ಈ ನಗರದ ಯಾವ ಬಸ್ಸೂ ನನ್ನನ್ನು ಹುಡುಕಿಕೊಂಡು ಹಾಗೆ ಓಡಿ ಬಂದದ್ದಿಲ್ಲ. ನನ್ನ ಕಾಲು ಸರಿಯಾಗಿದೆ, ಕಾಣದಿರುವುದು ಕಣ್ಣು ಎಂದು ನಾನು ಎರಡು ಭಾಷೆಗಳಲ್ಲಿ ವಿವರಿಸಿದೆ. ಕಣ್ಣು ಕಾಣದವರು ಕುರ್ಚಿಯಲ್ಲಿ ಕೂರದಿದ್ದರೆ ವಿಮಾನ ಹತ್ತಿಸುವುದಿಲ್ಲ ಎಂದು ವಿಮಾನ ಸಂಸ್ಥೆಯ ಹೆಂಗಸು ಹೇಳಿದಳು. (ಆ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಬರೆದರೆ ಅದಕ್ಕೂ ಮೂರು ಪ್ರತಿಗಳಲ್ಲಿ ಅರ್ಜಿ ಕೇಳಿಯಾರು.) ತಮ್ಮನ್ನು ತಳ್ಳುವ ಉದಯ್ ಎಂಬ ನಡುವಯಸ್ಸಿನ ಸಜ್ಜನರು "ಉಕ್ಕಾರುಂಗ ಮೇಡಂ, ಎನ್ ವೇಲೈ ಪೋಯಿಡುಂ" ಎಂದು, ಅಂದರೆ ಕೂತುಕೊಳ್ಳದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದು, ಅಳುವ ದನಿಯಲ್ಲಿ ಬೇಡಿಕೊಂಡರು. ನಾನು ಕೂತೆ. ಉಳಿದ ಮೂವತ್ತೇಳು ಹೆಜ್ಜೆಗಳನ್ನು ತಾವೇ ನಡೆದಿರಿ.

ತಮ್ಮ ತೊಡೆಯ ಮೇಲೆ ಕೂತ ಕೂಡಲೇ ನನ್ನ ಹೆಸರು ಪಾವನಾ ಎಂಬುದು ಹೋಗಿ "ವೀಲ್‌ಚೇರ್" ಎಂದಾಯಿತು. ನನಗೆ ಕಾಫಿ ಬೇಕೋ ಟೀ ಬೇಕೋ ಎಂದು ಉದಯ್ ಅವರನ್ನು ಕೇಳಿದರು. ನನ್ನ ಪಾಸ್‌ಪೋರ್ಟಿನಲ್ಲಿದ್ದ ಹುಟ್ಟಿದ ದಿನಾಂಕ ಸರಿಯೇ ಎಂಬುದನ್ನೂ ಅವರನ್ನೇ ಕೇಳಿದರು. ಪಾಪ, ಅವರು ಸರಿ ಇರಬಹುದು ಎಂದರು. ಒಂದು ಅಂಗ ಕೈಕೊಟ್ಟರೆ ಉಳಿದವೂ ಮರ್ಯಾದೆಯಿಂದ ರಾಜೀನಾಮೆ ಕೊಡಬೇಕು ಎಂಬ ತಮ್ಮ ಈ ತತ್ವವನ್ನು ಇನ್ನಷ್ಟು ವಿಸ್ತರಿಸಿ, ಕಿವುಡರಿಗೆ ಕನ್ನಡಕವನ್ನೂ ಬೋಳುತಲೆಯವರಿಗೆ ಊರುಗೋಲನ್ನೂ ಕಡ್ಡಾಯ ಮಾಡಬೇಕೆಂದು ವಿನಂತಿ.

ಇಂಗ್ಲೆಂಡ್ ತಲುಪಿ ವಾರದ ಮೇಲೆ ಮನೆಗೆ ಫೋನು ಮಾಡಿದೆ. ಊಟವಾಯಿತೇ, ಚಳಿಯೇ ಎಂದು ಅಜ್ಜಿ ಕೇಳಲಿಲ್ಲ. "ಕಾಲು ಹೆಂಗದವ್ವಾ?" ಎಂದಳು. ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ವಿದೇಶಕ್ಕೆ ಕರೆ ಮಾಡುವವರಿಗೆ ಒಂದು ನಿಮಿಷದ ಬೆಲೆ ಗೊತ್ತು. ಹೊರಡುವ ಗಾಬರಿಯಲ್ಲಿ ಮೊಮ್ಮಗಳ ಕಾಲುಗಳೂ ಬಿದ್ದುಹೋದವು ಎಂದು ಅವಳು ತೀರ್ಮಾನಿಸಿ, ಇಡೀ ಬೀದಿಗೆ ಹೇಳಿಯಾಗಿತ್ತು. ಇದು ವಿಮಾನದವರ ನಿಯಮವಮ್ಮಾ ಎಂದು ಅಪ್ಪ ಎಷ್ಟು ತಿಳಿಹೇಳಿದರೂ "ಸುಮ್ಕಿರ್ಲಾ ಜಯರಾಮ, ಕಾಲಿರೋರ್ನ ಯಾರಾರ ಕುರ್ಚೀಲಿ ಕೂರ್ಸಿ ತಳ್ತಾರಾ?" ಎಂಬ ಒಂದೇ ಪ್ರಶ್ನೆಯಿಂದ ಅವರ ಬಾಯಿ ಮುಚ್ಚಿಸಿದಳಂತೆ. ಈ ಪ್ರಶ್ನೆಗೆ ನಾನು ಓದಿದ ಯಾವ ಕಾನೂನಿನಲ್ಲೂ ಉತ್ತರವಿಲ್ಲ. ತಿಂಗಳಾಗುತ್ತಲೇ ಉಪ್ಪಿನಕಾಯಿಯ ಪಾರ್ಸೆಲ್ಲಿನಲ್ಲಿ ಎದುರುಮನೆಯವರು ಕೊಟ್ಟ ಕಾಲಿನ ಎಣ್ಣೆಯ ಸೀಸೆ ಬಂತು. ಅದು ದಾರಿಯಲ್ಲೇ ಒಡೆದು, ನನ್ನ ಬ್ರೈಲ್ ಟಿಪ್ಪಣಿಗಳಿಗೆ ಇಂದಿಗೂ ಸಂಧಿವಾತದ ವಾಸನೆಯಿದೆ.

ತಮಗೆ ತಿಳಿದಿರಲಿ, ಆ ಒಂದು ವರ್ಷ ನಾನು ದಿನಕ್ಕೆ ನಾಲ್ಕು ಮೈಲಿ ನಡೆದೆ. ಅಲ್ಲಿಯ ಸಿಗ್ನಲ್ಲುಗಳು ಕೀಂ ಕೀಂ ಎಂದು ಕೂಗಿ ದಾಟು ಎನ್ನುತ್ತವೆ. ಅಲ್ಲಿಯ ಜನ ನಾನು ಬಾಯಿ ಬಿಟ್ಟು ಕೇಳುವವರೆಗೆ ಹತ್ತಿರ ಸುಳಿಯುವುದಿಲ್ಲ; ಮೊದಲ ತಿಂಗಳು ಯಾರೂ ಮುಟ್ಟದೆ, ಯಾರೂ ಮಾತಾಡಿಸದೆ, ತೋಳು ಹಿಡಿದೆಳೆಯುವ ಪ್ಯಾರೀಸ್ ಕಾರ್ನರಿನ ಪುಣ್ಯಾತ್ಮರನ್ನು ನೆನೆದು ಕಣ್ಣೀರು ಹಾಕಿದ್ದೂ ಉಂಟು. ಹಿಮ ಬಿದ್ದ ದಿನ ರಸ್ತೆಯ ಸದ್ದೆಲ್ಲ ಅಡಗಿ, ಕೋಲಿಗೆ ಕಾಲುದಾರಿಯ ಅಂಚೇ ಸಿಗದೆ, ನನ್ನ ವಿಭಾಗದ ಬಾಗಿಲು ಹುಡುಕುತ್ತ ಇಗರ್ಜಿಯೊಂದಕ್ಕೆ ನುಗ್ಗಿ ಪೂರ್ತಿ ಒಂದು ಪ್ರವಚನ ಕೇಳಿ ಬಂದೆ. ದಾರಿ ತಪ್ಪಿದ್ದು ನಾನೇ, ಮತ್ತೆ ಕಂಡುಕೊಂಡದ್ದೂ ನಾನೇ. ಎರಡೂ ನನಗೆ ಬಹಳ ಸುಖ ಕೊಟ್ಟವು.

ಕಳೆದ ಅಕ್ಟೋಬರಿನಲ್ಲಿ ಹಿಂದಿರುಗಿದಾಗ, ವಿಮಾನದ ಬಾಗಿಲಲ್ಲಿ ಮತ್ತೆ ತಾವೇ. ಅಲ್ಲ, ತಾವು ಬರುವವರೆಗೆ ನನ್ನನ್ನು ಐವತ್ತು ನಿಮಿಷ ಸೀಟಿನಲ್ಲೇ ಕೂರಿಸಿದ್ದರು. ಕಸ ಗುಡಿಸುವವರು ನನ್ನ ಸುತ್ತ ಗುಡಿಸಿಕೊಂಡು ಹೋದರು. ಈ ಸಲ ಉದಯ್ ಅವರಿಗೆ ಅಜ್ಜಿಯ ಕಥೆಯನ್ನೆಲ್ಲ ಹೇಳಿದೆ. ಅವರು, ಕುರ್ಚಿ ಹೊರಗೆ ಬರಬೇಕು ಎಂದು ನಿಯಮವಿದೆ, ಅದರ ಮೇಲೆ ಏನಿರಬೇಕು ಎಂದು ನಿಯಮವಿಲ್ಲ ಎಂದು ಕಂಡುಹಿಡಿದರು. ಕಾನೂನು ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಯಾರಿಗೂ ಇಷ್ಟು ಚುರುಕಿರಲಿಲ್ಲ. ಹಾಗೆ ನನ್ನ ಸೂಟ್‌ಕೇಸು ತಮ್ಮ ಮೇಲೆ ಮಹಾರಾಣಿಯ ಹಾಗೆ ಕೂತು ಬಂತು. ಆದರೆ ಭಯಸ್ಥರಾದ ಉದಯ್ ಒಂದು ಕೈಯಲ್ಲಿ ತಮ್ಮನ್ನೂ ಇನ್ನೊಂದರಲ್ಲಿ ನನ್ನ ಮೊಣಕೈಯನ್ನೂ ಕೊನೆಯವರೆಗೆ ಬಿಡಲಿಲ್ಲ. ಬೇಲಿಯಾಚೆಯಿಂದ ಅಜ್ಜಿ "ಅಯ್ಯೋ ನನ್ ತಾಯಿ, ಕಾಲು ಬಂತು!" ಎಂದು ಕಿರುಚಿದ್ದು ಸಾಮಾನು ಬರುವ ಬೆಲ್ಟಿನವರೆಗೂ ಕೇಳಿಸಿತಂತೆ.

ಕಾಲು ಬಂದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ನನ್ನಿಂದ ಹತ್ತಿಸಿ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಸುತ್ತೇನೆ ಎಂದು ಅವಳು ಹರಕೆ ಹೊತ್ತಿದ್ದಳು. ಕಳೆದುಕೊಳ್ಳದ ಕಾಲುಗಳನ್ನು ಮರಳಿ ಪಡೆದದ್ದಕ್ಕಾಗಿ ನಾನು ಸಾವಿರ ಸಲ ಬಗ್ಗಿ ಎದ್ದು ಹರಕೆ ತೀರಿಸಿದೆ. ಆಮೇಲೆ ಒಂದು ವಾರ ಮಂಚದಿಂದ ಬಚ್ಚಲಿಗೆ ಹೋಗಲೂ ಆಗಲಿಲ್ಲ. ಜೀವಮಾನದಲ್ಲಿ ನನಗೆ ತಾವು ನಿಜವಾಗಿ ಬೇಕಾಗಿದ್ದದ್ದು ಆ ಒಂದು ವಾರ. ಆಗ ತಾವು ಇತ್ತ ತಲೆಹಾಕಲಿಲ್ಲ.

ಇಷ್ಟು ನಗುನಗುತ್ತ ಹೇಳಿದೆ. ಇನ್ನು ಮುಂದಿನದನ್ನು ಬರೆಯುವಾಗ ಅಪ್ಪನ ಪೆನ್ನು ನಿಧಾನವಾಗಿದೆ. ಅಜ್ಜಿಗೆ ಗ್ಲಾಕೋಮಾ ಎಂದು ಜೂನಿನಲ್ಲಿ ಗೊತ್ತಾಯಿತು. ಅಕ್ಕಪಕ್ಕದ್ದೆಲ್ಲ ಆಗಲೇ ಹೋಗಿದೆ, ಎದುರಿಗಿರುವುದಷ್ಟೇ ಕಾಣುತ್ತದೆ, ಹೋದದ್ದು ಮರಳುವುದಿಲ್ಲ, ಉಳಿದದ್ದೂ ಹೆಚ್ಚು ದಿನ ಉಳಿಯದು ಎಂದು ವೈದ್ಯರು ಹೇಳಿದ್ದಾರೆ. "ಹೋದ್ರೆ ಹೋಗ್ಲಿ ಬುಡು, ಕಣ್ಣಿಲ್ದೆ ಬದುಕದ್ನ ಹೇಳ್ಕೊಡಕ್ಕೆ ಮನೇಲೇ ನೀನಿದ್ದೀಯಲ್ಲ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಅತ್ತೆ. ಸೆಪ್ಟೆಂಬರ್ ಹದಿನೇಳರಂದು ನಾನು ಸಂಶೋಧನೆಗೆಂದು ಮೂರು ವರ್ಷಕ್ಕೆ ಹೊರಡುತ್ತಿದ್ದೇನೆ. ನಾನು ಮರಳುವಾಗ ಬೇಲಿಯಾಚೆ ಅಜ್ಜಿ ನಿಂತಿದ್ದರೂ ಅವಳಿಗೆ ನಾನು ಕಾಣುವುದಿಲ್ಲ. ಗುರುತಿಲ್ಲದ ಜಾಗದಲ್ಲಿ ನಾನೊಬ್ಬಳೇ ನಡೆದು ಹೋಗುವುದನ್ನು ಅವಳು ಇಂದಿಗೂ ನೋಡಿಲ್ಲ.

ಆದ್ದರಿಂದ ಆ ದಿನ ಬೆಳಿಗ್ಗೆ ಏಳರಿಂದ ಏಳೂ ಕಾಲರವರೆಗೆ ತಾವು ದಯವಿಟ್ಟು ರಜೆ ಹಾಕಬೇಕು. "ಜ್ವರದಿಂದ ಬಳಲುತ್ತಿರುವುದರಿಂದ" ಎಂದು ಶುರುವಾಗುವ ರಜೆಯ ಅರ್ಜಿಯನ್ನು ಅಪ್ಪ ತಮ್ಮ ಪರವಾಗಿ ಬರೆದು ಲಗತ್ತಿಸಿದ್ದಾರೆ. ತಾವು ಗಾಲಿಯ ಗುರುತು ಒತ್ತಿದರೆ ಸಾಕು. ರಜೆ ಮಂಜೂರಾಗದಿದ್ದರೆ ಪಂಕ್ಚರ್ ಆಗಿ, ಮುಷ್ಕರ ಹೂಡಿ, ಮದುವೆ ಮಾಡಿಕೊಂಡು ಹೋಗಿ. ಗಾಜಿನ ಬಾಗಿಲಿನ ಒಳಗೆ ಬಂದ ಮೇಲೆ, ಅಜ್ಜಿಯ ಆಣೆಗೂ, ತಾವು ಹೇಳಿದಷ್ಟು ಹೊತ್ತು ಕೂರುತ್ತೇನೆ, ಕುರ್ಚಿಯಲ್ಲಿ ಕೂತದ್ದಕ್ಕೆ ಉದಯ್ ಅವರು ಬರೆಸಿಕೊಳ್ಳುವ ಚೀಟಿಗೆ ಹೆಬ್ಬೆಟ್ಟನ್ನೂ ಒತ್ತುತ್ತೇನೆ, ವೀಲ್‌ಚೇರ್ ಎಂದು ಕರೆದರೆ ಓಗೊಡುತ್ತೇನೆ. ನನಗೆ ಬೇಕಾದದ್ದು ನಲವತ್ತು ಹೆಜ್ಜೆ ಮಾತ್ರ.

ಹೊಸ ಚಪ್ಪಲಿ ಕೊಂಡು ಕಾದಿರುವ,
ತಮ್ಮ ವಿಶ್ವಾಸಿ,
ಪಾವನಾ ಜಯರಾಮ

ತಾ.ಕ.: ಅಪ್ಪ ಈ ಪತ್ರವನ್ನು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡ ಅಜ್ಜಿ ಒಂದು ತಿದ್ದುಪಡಿ ಹೇಳಿದ್ದಾಳೆ. "ಆ ಕುರ್ಚಿಗೆ ರಜ ಗಿಜ ಬ್ಯಾಡ, ನನ್ನ ತಾವ್ಕೆ ಕಳಿಸು. ಎರಡು ಗಂಟೆ ನಿಂತ್ಕಂಡ್ರೆ ನನ್ ಮಂಡಿ ಕೇಳಾಕಿಲ್ಲ. ಕೂತ್ಕಂಡು ನೋಡ್ತೀನಿ." ಅಪ್ಪ ಕೂಡಲೇ ವಿಮಾನ ಸಂಸ್ಥೆಗೆ ಫೋನು ಮಾಡಿ ವಿಚಾರಿಸಿದರು. ನಡೆಯಲಾಗದವರು ವಿಮಾನ ಹತ್ತದಿದ್ದರೆ ಕುರ್ಚಿ ಕೊಡುವ ಪದ್ಧತಿ ಇಲ್ಲವಂತೆ. ಆದರೆ ಹದಿನೇಳನೆಯ ತಾರೀಕಿಗೆ ನನ್ನ ಹೆಸರಿನಲ್ಲಿ ಒಂದು ಈಗಾಗಲೇ ಖಾತರಿಯಾಗಿದೆಯಂತೆ, ಚಿಂತೆಯೇ ಬೇಡವಂತೆ.