ನಿನ್ನೆಯ ನೀರು

ನಾನು ಬಹಳ ಒಳ್ಳೆಯ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ಹೇಳಬೇಕಾದ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಅವಳು ಇದ್ದಾಗಲೂ ಹೇಳುತ್ತಿರಲಿಲ್ಲ, ಆ ಮಾತು ಬೇರೆ. ಬಂದ ಲಕೋಟೆಗಳನ್ನು ಬಿಡಿಸಿ, ಒಳಮೈ ಹೊರಗೆ ಮಾಡಿ ಅಂಟಿಸಿ, ಮತ್ತೊಮ್ಮೆ ಬಳಸುತ್ತೇನೆ. ಪುಣೆಯ ಶಿವಾಜಿನಗರದ ಆಫೀಸಿಗೆ ನಡೆದೇ ಹೋಗುತ್ತೇನೆ. ಕಿರಾಣಿ ಅಂಗಡಿಯವನು ಈಗೀಗ ಬಂದಿರುವ ಪ್ಲಾಸ್ಟಿಕ್ ಚೀಲದಲ್ಲಿ ಅವಲಕ್ಕಿ ಕೊಟ್ಟರೆ, ಅವಲಕ್ಕಿಯನ್ನು ನನ್ನ ಅರಿವೆ ಚೀಲಕ್ಕೆ ಸುರುವಿಕೊಂಡು ಅವನ ಚೀಲ ಅವನ ಕೈಗೇ ಕೊಟ್ಟು ಬರುತ್ತೇನೆ. ನಾನು ತಿರುಗಿ ನಡೆದ ಮೇಲೆ ಅವನು ಏನೋ ಗೊಣಗುತ್ತಾನೆ. ಹೊಗಳಿಕೆಯೇ ಇರಬೇಕು ಅಂದುಕೊಂಡಿದ್ದೇನೆ. ಇಂಥ ಮನುಷ್ಯ ದಿನಾ ಬೆಳಿಗ್ಗೆ ಬಾಗಿಲು ಮುಚ್ಚಿಕೊಂಡು ಬಕೆಟ್ಟುಗಟ್ಟಲೆ ಒಳ್ಳೆಯ ನೀರನ್ನು ಬಚ್ಚಲಿಗೆ ಸುರಿಯುತ್ತಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ಆದರೆ ಸುರಿಯುತ್ತಿದ್ದೆ. ಒಂದು ದಿನವಲ್ಲ, ಎರಡು ದಿನವಲ್ಲ, ಹೆಚ್ಚು ಕಡಿಮೆ ಒಂದು ವರ್ಷ.

ಮೊದಲಿನಿಂದ ಹೇಳುತ್ತೇನೆ. ನಾನಿರುವುದು ಪುಣೆಯ ಒಂದು ಹಳೆಯ ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಎಂಟು ಬಿಡಾರ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಳ. ಬೆಳಗಿನ ಆರಕ್ಕೆ ಯಾರಾದರೊಬ್ಬರು “ನಳ ಬಂತು!” ಎಂದು ಕೂಗುತ್ತಾರೆ. ಕೂಡಲೇ ಎಲ್ಲ ಮನೆಗಳಿಂದ ಹಂಡೆ, ಕೊಡ, ಬಕೆಟ್ಟು ಹೊರಗೆ ಬರುತ್ತವೆ. ಬಂದವುಗಳು ಖಾಲಿ ಇರುವುದಿಲ್ಲ. ನಿನ್ನೆ ತುಂಬಿಟ್ಟ ನೀರು ಅರ್ಧಕ್ಕರ್ಧ ಇರುತ್ತದೆ. ಅದನ್ನು ಅಂಗಳಕ್ಕೆ ಧಡಾರನೆ ಚೆಲ್ಲಿ, ಹೊಸ ನೀರು ಹಿಡಿಯುವುದು ಇಲ್ಲಿಯ ಪದ್ಧತಿ. ರಾತ್ರಿ ಕಳೆಯಿತೆಂದರೆ ನೀರು ಹಳಸಿತು ಎಂದು ಲೆಕ್ಕ. ನಾನು ಧಾರವಾಡದವನು. ನಮ್ಮ ಓಣಿಯಲ್ಲಿ ನಳ ಇವತ್ತು ಬಂದರೆ ನಾಳೆ ಇಲ್ಲ, ನಾಡಿದ್ದು ಬಂದರೆ ನಮ್ಮ ಪುಣ್ಯ. ನಮ್ಮವ್ವ ನಮ್ಮ ನಾಲ್ವರನ್ನೂ ಕರಿಬೇವಿನ ಗಿಡದ ಬುಡದ ಕಲ್ಲಿನ ಮೇಲೆ ನಿಲ್ಲಿಸಿ ನೀರು ಹಾಕುತ್ತಿದ್ದಳು, ಹುಡುಗರ ಮೈಯೂ ತೊಳೆಯಬೇಕು, ಗಿಡಕ್ಕೂ ನೀರು ಮುಟ್ಟಬೇಕು ಅಂತ. ನಮ್ಮ ಮನೆಯ ಸಾರಿನಲ್ಲಿ ನನ್ನ ಬಾಲ್ಯದ ಮೈಕೊಳೆ ಇಳಿದಿದೆ ಎಂದು ನನ್ನ ಹೆಂಡತಿ ಕೊನೆಯವರೆಗೂ ಹಂಗಿಸುತ್ತಿದ್ದಳು. ಹೀಗೆ ಬೆಳೆದವನಿಗೆ ಈ ಧಡಾರ್ ಸದ್ದು ದಿನಾ ಬೆಳಿಗ್ಗೆ ಕಪಾಳಕ್ಕೆ ಹೊಡೆದಂತೆ ಆಗುತ್ತಿತ್ತು.

ಹೆಂಡತಿ ಇದ್ದಾಗ, “ನಿಮಗ್ಯಾಕ್ರಿ ಊರ ಉಸಾಬರಿ, ಸುಮ್ಮ ಕೂಡ್ರಿ,” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಅವಳು ಹೋದ ಮೇಲೆ ಮುಚ್ಚಿಸುವವರಿಲ್ಲದೆ ಬಾಯಿ ತೆರೆಯಿತು. ಒಂದು ಬೆಳಿಗ್ಗೆ, ಹಲ್ಲುಪುಡಿ ಬಾಯಲ್ಲಿದ್ದಂತೆಯೇ, ಪಕ್ಕದ ಮನೆಯ ಲೀಲಾಬಾಯಿಯನ್ನು ತಡೆದೆ. ಈಕೆ ನಮ್ಮ ವಾಡೆಯ ಹಿರಿತನ ತಾನಾಗಿಯೇ ವಹಿಸಿಕೊಂಡ ಮರಾಠಿ ಹೆಂಗಸು. ದನಿ ಅಂಗಳದಾಚೆಯ ರಸ್ತೆಗೂ ಕೇಳುತ್ತದೆ. ನನ್ನ ಮರಾಠಿಯಲ್ಲಿ ಕೇಳಿದೆ: “ಬಾಯಿ, ಈ ನೀರು ಇಲ್ಲಿಗೆ ಬರುವ ಮುಂಚೆ ಎಲ್ಲಿತ್ತು? ಕೆರೆಯಲ್ಲಿ. ಎಷ್ಟು ದಿನದಿಂದ? ಹೋದ ಮಳೆಗಾಲದಿಂದ. ಅಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದಾಗ ಹಳಸಲಿಲ್ಲ, ನಿಮ್ಮ ಹಂಡೆಯಲ್ಲಿ ಒಂದು ರಾತ್ರಿ ಮಲಗಿದ್ದಕ್ಕೆ ಹಳಸಿತೇ?” ಲೀಲಾಬಾಯಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಕಾಕಾ, ಅಷ್ಟು ಕರುಳು ಚುರ್ ಅನ್ನುತ್ತಿದ್ದರೆ ನೀವೇ ಇಟ್ಟುಕೊಳ್ಳಿ,” ಎಂದು ಬಕೆಟ್ಟನ್ನು ನನ್ನ ಹೊಸ್ತಿಲಲ್ಲಿ ಕುಕ್ಕಿ ಹೋದರು. ಸೋತವನಂತೆ ಕಾಣಬಾರದೆಂದು, “ಎಲ್ಲರೂ ಕೊಡ್ರಿ, ಇಟ್ಟುಕೊಳ್ಳುತ್ತೇನೆ!” ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದೆ. ಇಂಥ ಮಾತು ಆಡುವಾಗ ಮನುಷ್ಯನಿಗೆ ಎಷ್ಟು ಚಂದ ಅನಿಸುತ್ತದೆ ಅಂತೀರಿ!

ಅವರು ಕೊಟ್ಟೇಬಿಟ್ಟರು. ಮೊದಲು ತಮಾಷೆಗೆ, ಆಮೇಲೆ ರೂಢಿಯಿಂದ. ಮರುದಿನ ಮೂರು ಮನೆಯವರು ತಂದರು, ವಾರದಲ್ಲಿ ಏಳು ಮನೆ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅವಳು ಹೋದ ಮೇಲೆ ನನ್ನ ಖೋಲಿಯ ಹೊಸ್ತಿಲು ದಾಟಿ ಯಾರೂ ಬಂದಿರಲಿಲ್ಲ. ರದ್ದಿ ಒಯ್ಯುವವನು ಕೂಡ ತಕ್ಕಡಿ ಹಿಡಿದು ಹೊರಗೇ ನಿಲ್ಲುತ್ತಿದ್ದ. ಕೆಲವು ಭಾನುವಾರಗಳಲ್ಲಿ ಸಂಜೆಯವರೆಗೂ ಒಂದು ಶಬ್ದ ಆಡಿರುತ್ತಿರಲಿಲ್ಲ. ನನ್ನ ದನಿ ಇದೆಯೋ ಇಲ್ಲವೋ ನೋಡಲು ಕೆಮ್ಮುತ್ತಿದ್ದೆ. ಈಗ ಬೆಳಿಗ್ಗೆ ಆರೂವರೆಗೆಲ್ಲ ಏಳು ಜನ! ಒಬ್ಬರು “ಇಲ್ಲಿ ಇಡಲೇ ಕಾಕಾ?” ಅನ್ನುತ್ತಾರೆ, ಇನ್ನೊಬ್ಬರು ಮಗಳ ಪರೀಕ್ಷೆಯ ಸುದ್ದಿ ಹೇಳುತ್ತಾರೆ, ಮತ್ತೊಬ್ಬರು ಮಂಡಿನೋವಿಗೆ ಮದ್ದು ಕೇಳುತ್ತಾರೆ. ನಾನು ಮದ್ದು ಗೊತ್ತಿದ್ದವನಂತೆ ಹೇಳುತ್ತಿದ್ದೆ. ಒಬ್ಬರನ್ನು ಬಿಟ್ಟರೆ ಉಳಿದವರದು ಎರಡೆರಡು ನಿಮಿಷ ಅಷ್ಟೆ. ಆದರೆ ಆ ಹೊತ್ತಿಗಾಗಿ ನಾನು ಐದಕ್ಕೇ ಎದ್ದು ಅಂಗಿ ಹಾಕಿಕೊಂಡು ತಲೆ ಬಾಚಿಕೊಂಡು ಕೂತಿರುತ್ತಿದ್ದೆ. ಖುಷಿಯಾಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಹಳ ಖುಷಿಯಾಗುತ್ತಿತ್ತು.

ತೊಂದರೆ ಇದ್ದದ್ದು ನೀರಿನಿಂದ. ಒಬ್ಬ ಒಂಟಿ ಗುಮಾಸ್ತ ದಿನಕ್ಕೆ ಏಳು ಬಕೆಟ್ಟು ನೀರನ್ನು ಏನು ಮಾಡಬೇಕು ಹೇಳಿ. ಎರಡು ಹೊತ್ತು ಸ್ನಾನ ಮಾಡಿದೆ, ಪುಣೆಯ ಡಿಸೆಂಬರಿನಲ್ಲಿ. ಮೂಗು ಸೋರಿ ಎಂಟು ದಿನ ರಜೆ ಹಾಕಿದೆ. ಒಗೆದ ಬಟ್ಟೆ ಮತ್ತೆ ಒಗೆದೆ, ಅಂಗಿಯ ಕಾಲರು ಹರಿಯಿತು. ಅವಳು ಹಚ್ಚಿದ ತುಳಸಿ, ದೊಡ್ಡಪತ್ರೆ ಗಿಡಗಳಿಗೆ ಹಾಕಿದೆ, ಹಾಕಿದೆ, ಹಾಕುತ್ತಲೇ ಹೋದೆ. ಕಡೆಗೆ ಎರಡೂ ಬೇರು ಕೊಳೆತು ಸತ್ತವು. ಬರಗಾಲದಲ್ಲಿ ಗಿಡ ಸತ್ತದ್ದು ಕಂಡಿದ್ದೇನೆ. ಯಜಮಾನನ ಸದ್ಗುಣಕ್ಕೆ ಸತ್ತದ್ದು ಅದೇ ಮೊದಲು. ಸಾಕು, ಇನ್ನು ತರಬೇಡಿ ಎಂದು ಹೇಳಿಬಿಡಬಹುದಿತ್ತು. ನಿಮ್ಮ ನೆಲ ನೀವೇ ಒರೆಸಿಕೊಳ್ಳಿ, ನಿನ್ನೆಯದನ್ನೇ ಕುಡಿಯಿರಿ ಎಂದು ಬುದ್ಧಿ ಹೇಳಬಹುದಿತ್ತು. ಹೇಳಿದರೆ ಅವರು ನಾಳೆ ಬರುವುದಿಲ್ಲವಲ್ಲ! ಹಾಗಾಗಿ ಆಫೀಸಿಗೆ ಹೊರಡುವ ಮುಂಚೆ ಬಾಗಿಲು ಹಾಕಿಕೊಂಡು, ಸದ್ದು ಕೇಳದಂತೆ ಟ್ರಾನ್ಸಿಸ್ಟರ್ ಜೋರಾಗಿ ಹಚ್ಚಿ, ಒಂದೊಂದೇ ಬಕೆಟ್ಟನ್ನು ಬಚ್ಚಲಿಗೆ ಬಗ್ಗಿಸುತ್ತಿದ್ದೆ. ಕಾಕಾ ಸುದ್ದಿ ಕೇಳುವುದರಲ್ಲಿ ಪಕ್ಕಾ ಎಂದು ವಾಡೆಯಲ್ಲಿ ನನಗೆ ಹೆಸರು ಬಂತು.

ಏಳು ಜನರಲ್ಲಿ ಕೊನೆಗೆ ಬರುವವರು ಗಂಗಾ ವೈನಿ; ನೆಂಟರೇನಲ್ಲ, ಮರ್ಯಾದೆಗೆ ಅತ್ತಿಗೆ ಅಂದಂತೆ. ಬೆಳಗಾವಿಯವರು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ಗಂಡ ತೀರಿಕೊಂಡ ಮೇಲೆ ಅಂಗಳದಾಚೆಯ ಬಿಡಾರದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಸೊಸೆ ಮರಾಠಿಯವಳು, ಮೊಮ್ಮಕ್ಕಳದೂ ಮರಾಠಿ, ಮಗನೂ ಕನ್ನಡ ಮರೆತಂತೆಯೇ. “ಮರಾಠಿಯಾಗ ನನಗ ಜಗಳಾ ತೆಗೀಲಿಕ್ಕೆ ಬರತದರಿ ದೇಸಾಯರ, ಸುಮ್ಮ ಹರಟಿ ಹೊಡೀಲಿಕ್ಕೆ ಬರೂದಿಲ್ಲ,” ಅನ್ನುತ್ತಿದ್ದರು. ಬಕೆಟ್ಟು ಇಳಿಸಿ ಹೊಸ್ತಿಲಲ್ಲೇ ಕೂತು, ಸವತಿಕಾಯಿ ಕಹಿ ಬಂದದ್ದು, ಬೆಳಗಾವಿಯ ತಂಗಿಯ ಕಾಗದ, ಇಲ್ಲಿಯ ಜೋಳದ ಹಿಟ್ಟಿಗೆ ಜಿಗುಟೇ ಇಲ್ಲ, ರೊಟ್ಟಿ ಬಡಿಯುವಾಗ ಹರಿಯುತ್ತದೆ ಅನ್ನುವುದು, ಎಲ್ಲ ಹೇಳುತ್ತಿದ್ದರು. ಉಳಿದವರದು ಎರಡು ನಿಮಿಷವಾದರೆ ಇವರದು ಇಪ್ಪತ್ತು. ಹೋಗಿ, ನಾನು ಆಫೀಸಿಗೆ ಹೊರಡುವಾಗ ಹೊಸ್ತಿಲ ಹೊರಗಿಟ್ಟ ಖಾಲಿ ಬಕೆಟ್ಟನ್ನು ಮಧ್ಯಾಹ್ನ ಸೊಸೆಯ ಕೈಯಲ್ಲಿ ತರಿಸಿಕೊಳ್ಳುತ್ತಿದ್ದರು.

ಒಂದು ದಿನ ನಾನು ನಾಲ್ಕನೆಯ ಬಕೆಟ್ಟು ಬಗ್ಗಿಸುತ್ತಿರುವಾಗ ಟ್ರಾನ್ಸಿಸ್ಟರಿನ ಸೆಲ್ಲು ತೀರಿತು. ಸುದ್ದಿ ಓದುವವನು ನಡುವೆಯೇ ಗೊರಗೊರ ಎಂದು ಸುಮ್ಮನಾದ. ನೀರಿನ ಸದ್ದು ಮಾತ್ರ ಉಳಿಯಿತು. ಬಾಗಿಲು ತಟ್ಟಿದ ಸಪ್ಪಳ. ತೆರೆದರೆ ವೈನಿ. ಅವತ್ತು ಬಕೆಟ್ಟು ಬೇಗ ಬೇಕಾಗಿ ತಾವೇ ಬಂದಿದ್ದರು. ನನ್ನ ತೋಯ್ದ ಕಾಲು, ಬಚ್ಚಲ ಮುಂದಿನ ಖಾಲಿ ಬಕೆಟ್ಟುಗಳ ಸಾಲು ನೋಡಿದರು.

“ವೈನಿ, ಇದು… ಬಚ್ಚಲ ತೊಳೀತಿದ್ದೆ,” ಎಂದೆ.

“ಇರ್ಲಿ ಬಿಡ್ರಿ, ನನಗ ಮೊದಲಿಂದ ಗೊತ್ತದ. ನಿಮ್ಮ ಬಚ್ಚಲ ನೀರು ನಮ್ಮ ಅಡಿಗಿಮನಿ ಕಿಡಕಿ ಕೆಳಗ ಹಾಯ್ದು ಹೋಗತದ. ಒಬ್ಬ ಮನಿಷ್ಯಾಗ ಅಷ್ಟು ನೀರು ಎದಕ್ಕ ಬೇಕಂತ ತಿಳೀಲಾರದಾಕಿ ಏನ್ರಿ ನಾ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. “ಗೊತ್ತಿದ್ದೂ ಮತ್ಯಾಕ ತರತಿದ್ರಿ?”

“ನೀವ್ಯಾಕ ಇಸಗೋತಿದ್ರಿ?”

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. ಆಮೇಲೆ ಸಣ್ಣ ದನಿಯಲ್ಲಿ, “ಇನ್ನೊಂದು ಮಾತದರಿ, ಸಿಟ್ಟಾಗಬ್ಯಾಡ್ರಿ. ಕೆರ್ಯಾಗ ಹಳಸಲಾರದ ನೀರು ಹಂಡೇದಾಗ ಹೆಂಗ ಹಳಸೀತು ಅಂದಿದ್ರೆಲ್ಲ, ಅದು ನನಗ ಖರೇ ಅನಸ್ತು. ಅವತ್ತಿಂದ ನಾ ಹಳೇ ನೀರು ಚೆಲ್ಲೇ ಇಲ್ಲ. ಅದನ್ನ ಕುಡೀತೀವಿ,” ಎಂದರು.

“ಹಂಗಾರ ನನಗ ದಿನಾ ತರೋದು?”

“ಅದು ಹೊಸಾ ನೀರು. ನಳ ಬಂದ ಕೂಡಲೆ ಮೊದಲ ನಿಮಗಂತ ಒಂದು ಬಕೆಟ್ ತುಂಬಿ ತೆಗೆದಿಡತೀನಿ.”

ಇಡೀ ವಾಡೆಯಲ್ಲಿ ನನ್ನ ಉಪದೇಶ ನಾಟಿದ್ದು ಒಬ್ಬರಿಗೆ. ಅವರು ಆಗತಾನೇ ಬಂದ ನೀರನ್ನು ನನಗಾಗಿ ಹೊತ್ತು ತರುತ್ತಿದ್ದರು. ನಾನದನ್ನು ರೇಡಿಯೋ ಹಚ್ಚಿ ಚೆಲ್ಲುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೈನಿ ನಕ್ಕರು, ಹಾಗಾಗಿ ನಾನೂ ನಕ್ಕೆ. ಕಣ್ಣು ಮಾತ್ರ ಯಾಕೋ ಕೇಳಲಿಲ್ಲ.

ಮರುದಿನ ಅಂಗಳದಲ್ಲಿ ನಿಂತು ಎಲ್ಲರಿಗೂ ಹೇಳಿದೆ: ಗಿಡಗಳು ಸತ್ತವು, ನನಗೆ ನೀರು ಬೇಡ, ನಿಮ್ಮ ನೀರು ನೀವೇ ಬಳಸಿಕೊಳ್ಳಿ. ಲೀಲಾಬಾಯಿ, “ಅಂತೂ ಸುಸ್ತಾದಿರಾ ಕಾಕಾ,” ಎಂದು ನಕ್ಕು, ಅಂದಿನಿಂದ ಹಳೆಯ ನೀರಿನಲ್ಲೇ ನೆಲ ಒರೆಸತೊಡಗಿದರು. ಕೆಲವರು ಮತ್ತೆ ಧಡಾರ್ ಶುರುಮಾಡಿದರು. ಯಾರೂ ನನ್ನ ಹೊಸ್ತಿಲಿಗೆ ಬರಲಿಲ್ಲ. ಆರು ಮನೆಯ ಸುದ್ದಿ ಒಂದೇ ಬೆಳಿಗ್ಗೆ ನಿಂತುಹೋಯಿತು. ಆ ಹುಡುಗಿ ಪರೀಕ್ಷೆಯಲ್ಲಿ ಪಾಸಾದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯತನಕ್ಕೆ ಇಷ್ಟು ಬೆಲೆ ತೆರಬೇಕಾಗುತ್ತದೆಂದು ಗೊತ್ತಿದ್ದರೆ ಯೋಚಿಸಿ ಒಳ್ಳೆಯವನಾಗುತ್ತಿದ್ದೆ.

“ವೈನಿ, ನೀವಾದ್ರೂ ಹಂಗ ಬರ್ರಿ, ನೀರು ಬ್ಯಾಡ,” ಎಂದೆ. “ಅಯ್ಯ, ಹಂಗ ಹೆಂಗ ಬರೂದ್ರಿ? ಕೈ ಬೀಸಿಕೋತ ಬಂದ್ರ ಮಂದಿ ಏನಂದಾರು? ಸೊಸಿ ಎಲ್ಲಿಗೆ ಅಂತ ಕೇಳತಾಳ,” ಎಂದರು. ಅದೂ ಸರಿಯೇ. ಎಂಟು ಬಿಡಾರದ ಕಣ್ಣು ಒಂದು ಅಂಗಳದ ಮೇಲೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ವೈನಿ ಬಕೆಟ್ಟು ಹಿಡಿದೇ ಬರುತ್ತಿದ್ದಾರೆ! ಮೇಲೆ ತಾಟು ಮುಚ್ಚಿದೆ, ಮೈ ಒಂದು ಬದಿಗೆ ವಾಲಿದೆ, ಏದುಸಿರು ಬೇರೆ. ಹೊಸ್ತಿಲಲ್ಲಿ ಇಳಿಸಿ ತಾಟು ತೆಗೆದರು. ಒಳಗೆ ಹನಿ ನೀರಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಲೀಲಾಬಾಯಿ ಒಂದು ದಿನ ನನ್ನನ್ನು ಅಂಗಳದಲ್ಲಿ ಹಿಡಿದು, “ಕಾಕಾ, ಎಲ್ಲರದೂ ಬೇಡ ಅಂದವರು ಆ ಮುದುಕಿಯದು ಮಾತ್ರ ಬಿಡಲಿಲ್ಲವಲ್ಲ! ಅದೂ ಅವಳ ಕೈಯಿಂದಲೇ ಹೊರಿಸುತ್ತೀರಿ, ನಾಚಿಕೆಯಿಲ್ಲವೇ?” ಎಂದು ಊರಿಗೆಲ್ಲ ಕೇಳುವಂತೆ ಬೈದರು. ಅಂದಿನಿಂದ ನಾನೇ ಹೋಗಿ ಬಕೆಟ್ಟು ಎತ್ತಿಕೊಂಡು ಬರುತ್ತೇನೆ. ವೈನಿ ಅದನ್ನು ತಿರುಗಿ ಒಯ್ಯುವ ನೆಪದಲ್ಲಿ ಹಿಂದೆಯೇ ಬರುತ್ತಾರೆ. ನೀರೇನೋ ಉಳಿಯಿತು, ಸುಳ್ಳು ಮಾತ್ರ ದಿನಕ್ಕೊಂದು ಬಕೆಟ್ಟು ಖರ್ಚಾಗುತ್ತಿದೆ. ಅಂಗಳದ ನಡುವೆ ಒಮ್ಮೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ಉಸ್ಸಪ್ಪಾ ಅನ್ನುತ್ತೇನೆ. ಮತ್ತೆ ಎತ್ತುವಾಗ ಹಿಂದಿನಿಂದ ವೈನಿ, “ಸಾವಕಾಶ್ರಿ ದೇಸಾಯರ, ತುಳುಕೀತು!” ಅನ್ನುತ್ತಾರೆ. ನಾನೂ ಗಾಬರಿಯಾಗಿ ಬಕೆಟ್ಟನ್ನು ನೆಟ್ಟಗೆ ಹಿಡಿಯುತ್ತೇನೆ.